ಹಾಡೂ ಬೇಕು, ಹಿಂಬರಹವೂ ಬೇಕು

ಪ್ರಶ್ನೆ: ಅಕ್ಕಾ, ನಾವು ಹುಣಸೂರು ತಾಲ್ಲೂಕಿನ ಕಾಡಂಚಿನ ಒಂದು ಹಾಡಿಯವರು (ಹಾಡಿ ಅಂದರೆ ಬುಡಕಟ್ಟಿನವರ ಪುಟ್ಟ ಊರು), ಜೇನುಕುರುಬರು. ಹತ್ತು ಹನ್ನೆರಡು ಹುಡುಗ ಹುಡುಗಿಯರು ಸೇರಿ ತಂಡ ಕಟ್ಟಿಕೊಂಡಿದ್ದೇವೆ. ಕೆಲವರು ನಮ್ಮ ಹಾಡು, ಕುಣಿತ ಉಳಿಸೋಣ ಅಂತಾರೆ. ಇನ್ನು ಕೆಲವರು ಅದೆಲ್ಲ ಆಮೇಲೆ, ಮೊದಲು ಲಾಯರ್ ಹುಡುಕೋಣ ಅಂತಾರೆ. ಭೂಮಿಗೆ ಹಾಕಿದ ಅರ್ಜಿಗಳು 'ದಾಖಲೆ ಇಲ್ಲ' ಅಂತ ವಾಪಸ್ ಬಂದಿವೆ. ಪಿ.ಯು. ಓದಿದವನು ನಾನೊಬ್ಬನೇ. ಯಾವುದು ಮೊದಲು ಮಾಡಲಿ?
— ಹೆಸರು ಬೇಡ

ಉತ್ತರ: ತಮ್ಮಾ, ಎರಡನ್ನೂ ಒಟ್ಟಿಗೆ ಶುರು ಮಾಡಿ. ನಿಮ್ಮ ತಂಡದವರು ಜಗಳ ಆಡುತ್ತಿರುವುದು ಒಂದೇ ಕೆಲಸದ ಎರಡು ತುದಿ ಹಿಡಿದುಕೊಂಡು. ನನಗೆ ಇದು ಅರ್ಥ ಆಗೋದಕ್ಕೆ ಬಹಳ ವರ್ಷ ಬೇಕಾಯಿತು. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕಪ್ಪು ಕೋಟು ಹಾಕುವ ಮೊದಲು ನಾನು ಮೈಸೂರಿನಲ್ಲಿ ಜಾನಪದ ಎಂ.ಎ. ಓದುತ್ತಿದ್ದೆ. ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹಾಡಿಯಿಂದ ಹಾಡಿಗೆ ತಿರುಗುತ್ತಿದ್ದೆ. ಒಂದು ಮಧ್ಯಾಹ್ನ ಒಬ್ಬ ಅಜ್ಜಿ ನೂರೆ ಗೆಣಸಿನ ಮಣ್ಣು ಕೆರೆಯುತ್ತಾ ಹಾಡುತ್ತಿದ್ದರು. ಹಾಡಿನ ತುಂಬಾ ಬರೀ ಹೆಸರುಗಳು. ಒಂದು ಕಲ್ಲು, ಒಂದು ಕೊಲ್ಲಿ, ಜೇನು ಕಟ್ಟುವ ಮರ, ಸತ್ತವರನ್ನು ಮಣ್ಣು ಮಾಡಿದ ದಿಬ್ಬ. ನಾನು ರಾಗದ ಹಿಂದೆ ಬಿದ್ದಿದ್ದೆ. ಹೆಸರುಗಳನ್ನು ಬರೆದುಕೊಂಡು ಪಕ್ಕದಲ್ಲಿ 'ಜಾಗದ ಹೆಸರುಗಳು' ಅಂತ ಗುರುತು ಹಾಕಿ ಪುಟ ತಿರುಗಿಸಿದೆ.

ಹದಿನಾರು ವರ್ಷ ಆದ ಮೇಲೆ ವಕೀಲಳಾಗಿ ಅದೇ ಹಾಡಿಗೆ ಹೋದೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಇಡೀ ಹಾಡಿ ಸೇರಿ ಹಾಕಿದ ಸಮುದಾಯ ಹಕ್ಕಿನ ಅರ್ಜಿಗೆ ಒಂದೇ ಸಾಲಿನ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂದಿತ್ತು: ಪೂರಕ ದಾಖಲೆ ಇಲ್ಲ. ರಾತ್ರಿ ಮನೆಗೆ ಬಂದು ಹಳೇ ನೋಟ್‌ಬುಕ್ ಹುಡುಕಿ ತೆಗೆದೆ. ಹನ್ನೊಂದು ಹೆಸರು ಇದ್ದವು.

ಮುಂದಿನ ವಾರ ಅಜ್ಜಿ ಮೊಮ್ಮಗನ ಹೆಗಲು ಹಿಡಿದುಕೊಂಡು ನಮ್ಮನ್ನು ಕರೆದುಕೊಂಡು ಹೋದರು. ಕಣ್ಣು ಮಂಜಾಗಿತ್ತು, ಕಾಲಿಗೆ ದಾರಿ ಗೊತ್ತಿತ್ತು. ಏಳನೇ ಹೆಸರಿನ ಜಾಗದಲ್ಲಿ ಲಂಟಾನ ಪೊದೆ ಸರಿಸಿದಾಗ ಅರ್ಧ ಹೂತುಹೋದ ರಾಗಿಕಲ್ಲು ಸಿಕ್ಕಿತು. ಕೆಳಗಿನ ಕಲ್ಲು ಮಾತ್ರ. ಗೂಟದ ತೂತಿನಲ್ಲಿ ಮಳೆನೀರು ನಿಂತಿತ್ತು. ಅಜ್ಜಿ ಕೂತು, ಆ ತೂತಿಗೆ ಬೆರಳು ಹಾಕಿ, ಅಂಚನ್ನೆಲ್ಲ ಸವರಿ ನೋಡಿದರು. "ನಮ್ಮತ್ತೇದು" ಅಂದರು. ನನಗೆ ಮಾತೇ ಬರಲಿಲ್ಲ.

ಈಗ ಕಾನೂನಿನ ಕಡೆ ಬನ್ನಿ. ಕಾಯ್ದೆ 2006ರದ್ದು, ನಿಯಮಗಳು 2008ರವು, 2012ರಲ್ಲಿ ತಿದ್ದುಪಡಿ ಆಗಿವೆ. 13ನೇ ನಿಯಮವನ್ನು ನಿಮ್ಮ ತಂಡದ ಎಲ್ಲರೂ ಕೂತು ಒಂದು ಸಲ ಜೋರಾಗಿ ಓದಿ. ಯಾವ್ಯಾವುದು ಸಾಕ್ಷ್ಯ ಅಂತ ಅದರಲ್ಲೇ ಇದೆ. ಮನೆ, ಗುಡಿಸಲು, ಬದು, ಸಮ ಮಾಡಿದ ನೆಲ. ಬಾವಿ, ಸ್ಮಶಾನ, ದೇವರ ಜಾಗ. ವಂಶಾವಳಿ. ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡ ಹೇಳಿಕೆ. ಸಮುದಾಯ ಹಕ್ಕಿಗಾದರೆ ಗೆಡ್ಡೆ ಗೆಣಸು ಕೀಳುವ ಜಾಗ, ಕಾಡಿನ ಹಣ್ಣು, ಔಷಧಿ ಗಿಡ ತರುವ ಜಾಗ, ಮೀನು ಹಿಡಿಯುವ ಜಾಗ, ನೀರಿನ ಸೆಲೆ, ಹಿಂದೆ ಕಟ್ಟಿದ್ದರ ಉಳಿಕೆ, ದೇವರ ಮರ. ಇದನ್ನು ಓದುವಾಗ ನನಗೆ ಅಜ್ಜಿಯ ಹಾಡೇ ಕೇಳಿಸಿತು. ಇಂಥ ಸಾಕ್ಷ್ಯಗಳಲ್ಲಿ ಕನಿಷ್ಠ ಎರಡು ಕೊಟ್ಟರೆ ಸಾಕು. ಇಂಥದ್ದೇ ಕಾಗದ ತನ್ನಿ ಅಂತ ಅರ್ಜಿ ಪರಿಶೀಲಿಸುವ ಉಪವಿಭಾಗ ಸಮಿತಿಯಾಗಲಿ ಜಿಲ್ಲಾ ಸಮಿತಿಯಾಗಲಿ ಹಟ ಹಿಡಿಯುವ ಹಾಗಿಲ್ಲ, ಅದೂ ನಿಯಮದಲ್ಲೇ ಇದೆ.

ಹಾಗಂತ ಹಾಡಿನ ರೆಕಾರ್ಡಿಂಗ್ ಒಂದನ್ನೇ ಅರ್ಜಿಗೆ ಅಂಟಿಸಿದರೆ ಕೆಲಸ ಆಗಲ್ಲ. ಹಾಡು ದಾರಿ ತೋರಿಸುತ್ತದೆ. ಅದರ ಹಿಂದೆ ನಡೆದು ಹೋಗಿ ನೋಡಿ ಬರೆದು ತರಬೇಕಾದವರು ನೀವು. ಹಾಡು ಕಲಿಯೋಣ ಅನ್ನುವ ಹುಡುಗಿಯರು ಅಜ್ಜಿಯರ ಜೊತೆ ಕೂರಲಿ. ಒಬ್ಬರು ಹೆಸರು ಬರೆದುಕೊಳ್ಳಲಿ. ಆಮೇಲೆ ಹಿರಿಯರನ್ನು ಕರೆದುಕೊಂಡು ಒಂದೊಂದು ಜಾಗಕ್ಕೂ ಹೋಗಿ, ಮೊಬೈಲಿನಲ್ಲೇ ಜಿ.ಪಿ.ಎಸ್. ಗುರುತು ಹಾಕಿ, ಫೋಟೋ ತೆಗೆಯಿರಿ. ಹಿರಿಯರ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ. ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿ. ಓದಿ ಹೇಳದೆ ಯಾರ ಹತ್ತಿರವೂ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ನಮ್ಮ ಜನ ಕಳೆದುಕೊಂಡಿದ್ದರಲ್ಲಿ ಎಷ್ಟೋ ಹೋಗಿದ್ದು ಹಾಗೇ.

ನಿಮ್ಮ ಪಕ್ಕದ ಜಿಲ್ಲೆಯಲ್ಲೇ ದಾರಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರ ಜೊತೆ ಸೇರಿ ತಮ್ಮ ದೇವರ ಜಾಗಗಳ ನಕ್ಷೆ ಮಾಡಿದರು. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದು 'ಎಲ್ಲೆ'. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರ, ಕಲ್ಲುಗುಡಿ ಅನ್ನುವ ಸಮಾಧಿ ಕಲ್ಲುಗಳು, ಅಬ್ಬಿ ಅನ್ನುವ ನೀರಿನ ಜಾಗ. ಆ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಗಿದ್ದು 2011ರಲ್ಲಿ. ಅದೇ ವರ್ಷ 25 ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಸಮುದಾಯ ಹಕ್ಕುಪತ್ರ ಸಿಕ್ಕಿತು. ಅಲ್ಲಿನ ಹಿರಿಯರು ಇನ್ನೊಂದು ಮಾತು ಹೇಳುತ್ತಿದ್ದರು. ಬೇಸಿಗೆ ಶುರುವಿನಲ್ಲಿ ಹಾಕುತ್ತಿದ್ದ ಸಣ್ಣ 'ತರಗು ಬೆಂಕಿ' ನಿಂತ ಮೇಲೆ ಲಂಟಾನ ಹಬ್ಬಿತು ಅಂತ. ಸಂಶೋಧಕರು ಆ ಮಾತನ್ನು ಕಿವಿಗೆ ಹಾಕಿಕೊಂಡು ಕಾಡಿನಲ್ಲಿ ಅಳತೆ ಮಾಡಿ ನೋಡಿದರು, ಬರೆದರು. ಹಿರಿಯರ ಮಾತಿಗೆ ಪ್ರಬಂಧದಲ್ಲೂ ಜಾಗ ಸಿಗುತ್ತದೆ, ಕೇಳುವವರಿದ್ದರೆ.

ನಿಮ್ಮ ಪತ್ರದಲ್ಲಿ 'ಭೂಮಿಗೆ ಅರ್ಜಿ' ಅಂತ ಮಾತ್ರ ಇದೆ. ಅದು ನಮೂನೆ ಎ, ಒಬ್ಬೊಬ್ಬ ಕುಟುಂಬದ್ದು. 2005ರ ಡಿಸೆಂಬರ್ 13ಕ್ಕೆ ಮೊದಲು ನೆಲ ನಿಮ್ಮ ಅನುಭವದಲ್ಲಿರಬೇಕು, ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರಬೇಕು. ಜೇನು, ಗೆಣಸು, ದೇವರ ಜಾಗಗಳಿಗೆ ನಮೂನೆ ಬಿ. ಕಾಡನ್ನೇ ಕಾಪಾಡಿ ನೋಡಿಕೊಳ್ಳುವ ಹಕ್ಕಿಗೆ ನಮೂನೆ ಸಿ. ಬಿ ಮತ್ತು ಸಿ ಹಾಕಿಲ್ಲದಿದ್ದರೆ ಹಾಕಿ. ಶುಲ್ಕ ಇಲ್ಲ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಜಾಸ್ತಿ ಎಡವುವುದು ಗ್ರಾಮಸಭೆಯಲ್ಲಿ. ಈ ಕಾಯ್ದೆಗೆ ಬೇಕಾದ್ದು ನಿಮ್ಮ ಹಾಡಿಯದೇ ಸಭೆ. ಹತ್ತು ಊರು ಸೇರಿದ ಪಂಚಾಯ್ತಿ ಮಟ್ಟದ ಸಭೆಯಲ್ಲಿ ನಿಮ್ಮ ದನಿ ಎಲ್ಲಿ ಕೇಳಿಸುತ್ತದೆ, ಅಲ್ವಾ? ಸದಸ್ಯರಲ್ಲಿ ಅರ್ಧದಷ್ಟಾದರೂ ಜನ ಇರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಕೂಲಿಗೆ ಕೊಡಗಿನ ಕಾಫಿ ತೋಟಕ್ಕೆ ಹೋದವರು ವಾಪಸ್ ಬರುವ ದಿನ ನೋಡಿಕೊಂಡು ಸಭೆ ಇಟ್ಟುಕೊಳ್ಳಿ. ನಡಾವಳಿ ಪುಸ್ತಕಕ್ಕೆ ಅವತ್ತೇ ಸಹಿ ಆಗಬೇಕು.

ಇನ್ನು ತಿರಸ್ಕಾರ ಆದ ಅರ್ಜಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಗ್ರಾಮಸಭೆ ತಿರಸ್ಕರಿಸಿದ್ದರೆ ಉಪವಿಭಾಗ ಸಮಿತಿಗೆ, ಉಪವಿಭಾಗ ಸಮಿತಿ ತಿರಸ್ಕರಿಸಿದ್ದರೆ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ. ದಿನ ಎಣಿಸಬೇಕು, ಅದಕ್ಕೇ ಹಿಂಬರಹ ಕೈಗೆ ಬಂದ ತಾರೀಕು ಬರೆದಿಡಿ. ನೀವು ಏನು ಕೊಟ್ಟರೂ ಇನ್ನೊಂದು ಪ್ರತಿಗೆ ಸೀಲು ಒತ್ತಿಸಿಕೊಳ್ಳಿ. ಪರಿಶೀಲನೆ ಪೂರ್ತಿ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವ ಹಾಗಿಲ್ಲ. ಅದು ಕಾಯ್ದೆಯ 4(5)ನೇ ಕಲಂ. ಈ ನಂಬರನ್ನು ಹಾಡಿಯ ಪ್ರತಿಯೊಬ್ಬರೂ ಬಾಯಿಪಾಠ ಮಾಡಲಿ.

ಆ ರಾಗಿಕಲ್ಲಿನ ಅರ್ಜಿ ಮರುಪರಿಶೀಲನೆಗೆ ಬಂತು. ಸ್ಥಳ ತನಿಖೆಗೆ ಬಂದ ಅಧಿಕಾರಿ ಕಲ್ಲಿನ ಫೋಟೋ ತೆಗೆದುಕೊಂಡು ಹೋದರು. ಕಡತ ಇನ್ನೂ ನಡೆಯುತ್ತಿದೆ.

ಪ್ರಶ್ನೆ: ಮೇಡಂ, ನಾನು ಪರಿಶಿಷ್ಟ ಜಾತಿಯ ಹೆಣ್ಣುಮಗಳು. ಅಪ್ಪನಿಗೆ ಮಂಜೂರಾದ ಎರಡು ಎಕರೆಯನ್ನು ಬೇರೆಯವರು ಬರೆಸಿಕೊಂಡಿದ್ದಾರೆ. ಲಾಯರ್ ಫೀಜಿಗೆ ಸಾಲ ಮಾಡಬೇಕಾ?
— ಓದುಗಿ, ಕೋಲಾರ ಜಿಲ್ಲೆ

ಉತ್ತರ: ಸಾಲ ಮಾಡಬೇಡಿ ಅಮ್ಮಾ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 12ನೇ ಕಲಂ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವಕೀಲರು ಉಚಿತ. ಆದಾಯ ಎಷ್ಟು ಅಂತ ನೋಡುವುದಿಲ್ಲ. ನೀವು ಎರಡು ಲೆಕ್ಕದಲ್ಲೂ ಬರುತ್ತೀರಿ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ನಡೆಯುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೊಟ್ಟ ವಕೀಲರು ಸರಿಯಾಗಿ ನೋಡುತ್ತಿಲ್ಲ ಅನಿಸಿದರೆ ಬದಲಾಯಿಸಿ ಅಂತ ಕೇಳಿ, ಸಂಕೋಚ ಬೇಡ.

ಮಂಜೂರಾತಿ ಆದೇಶದ ನಕಲು ಮೊದಲು ತೆಗೆಸಿ. ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆ, ಜನ ಪಿ.ಟಿ.ಸಿ.ಎಲ್. ಅಂತ ಕರೆಯುವುದು, ನಿಮ್ಮಂಥವರಿಗಾಗಿಯೇ ಬಂದದ್ದು. ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ಅದರಲ್ಲಿ ನಿಲ್ಲುವುದಿಲ್ಲ. ಅರ್ಜಿ ಉಪವಿಭಾಗಾಧಿಕಾರಿಯವರ ಹತ್ತಿರ. ನಿಮ್ಮೂರಿನಲ್ಲಿ ಇದೇ ಥರ ಜಮೀನು ಹೋದ ಮನೆಗಳು ಇನ್ನೂ ಇರಬಹುದು. ವಿಚಾರಿಸಿ, ಒಟ್ಟಿಗೆ ಹೋಗಿ.

ಪ್ರಶ್ನೆ: ನಾನು ಕೊರಗ ಸಮುದಾಯದ ಶಿಕ್ಷಕಿ. ಮಕ್ಕಳಿಗೆ ಡೋಲು ಕಲಿಸುವ ಆಸೆ. ನಮ್ಮ ದೊಡ್ಡಪ್ಪನಿಗೆ ಡೋಲು ಕಂಡರೆ ಆಗುವುದಿಲ್ಲ. "ಅದನ್ನು ಬಡಿದು ಬಡಿದೇ ನಾವು ಕೆಳಗೆ ಬಿದ್ದದ್ದು" ಅನ್ನುತ್ತಾರೆ. ನಾನು ತಪ್ಪು ಮಾಡುತ್ತಿದ್ದೇನಾ?
— ಉಡುಪಿ ಕಡೆಯವರು

ಉತ್ತರ: ನಿಮ್ಮ ದೊಡ್ಡಪ್ಪ ಹೇಳಿದ್ದನ್ನು ಮೊದಲು ಪೂರ್ತಿ ಕೇಳಿ. ಕೊರಗರನ್ನು ಕೀಳಾಗಿ ಕಂಡು ಬಿಟ್ಟಿ ದುಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ ಬಂದದ್ದು 2000ದಲ್ಲಿ, ಅಂದರೆ ಅವರಿಗೆ ಬುದ್ಧಿ ಬಂದು ಎಷ್ಟೋ ವರ್ಷಗಳ ಮೇಲೆ. ಆ ಕಾಯ್ದೆಯಲ್ಲಿ ನಿಷೇಧದ ಪಟ್ಟಿ ಓದಿದರೆ ಊಟ ಸೇರುವುದಿಲ್ಲ. ಊಟದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವುದು. ಕಂಬಳ ಶುರುವಾಗುವ ಮೊದಲು ಕೊರಗರನ್ನು ಕೋಣಗಳ ಹಾಗೆ ಓಡಿಸುವುದು. ಕೂಲಿ ಕೊಡದೆ ದುಡಿಸಿಕೊಳ್ಳುವುದು. ಇದೆಲ್ಲ ನಡೆಯುತ್ತಿತ್ತು ಅಂತಲೇ ಕಾನೂನು ಇಷ್ಟು ಬಿಡಿಸಿ ಬರೆಯಬೇಕಾಯಿತು. ಅವರ ಸಿಟ್ಟು ವಾದ್ಯದ ಮೇಲಲ್ಲ ಅಂತ ಸುಲಭವಾಗಿ ಹೇಳಿಬಿಡಲು ನನಗೆ ಮನಸ್ಸಿಲ್ಲ. ಅವರ ಹೆಗಲ ಮೇಲಿದ್ದದ್ದು ಆ ವಾದ್ಯವೇ.

ಆದರೂ ಕಲಿಸಿ ಅಂತಲೇ ಹೇಳುತ್ತೇನೆ. ಯಾರು ಕರೆದರು, ಯಾರ ಅಂಗಳದಲ್ಲಿ, ಕೂಲಿ ಎಷ್ಟು, ಒಲ್ಲೆ ಅನ್ನಬಹುದಾ? ಈ ನಾಲ್ಕು ಮಾತು ಮಕ್ಕಳಿಗೆ ಡೋಲಿನ ಜೊತೆಗೇ ಕಲಿಸಿ. ಆಗಸ್ಟ್ 18ರಂದು ನಿಮ್ಮವರೇ ಮಾಡುವ ಭೂಮಿ ಹಬ್ಬಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ದೊಡ್ಡಪ್ಪನವರು ಬರಲೇಬೇಕು ಅಂತ ಬಲವಂತ ಬೇಡ. ಅವರು ಒಪ್ಪಿದರೆ ಅಜಲಿನ ಕಾಲದ ಮಾತುಗಳನ್ನು ಅವರ ಬಾಯಲ್ಲೇ ಹೇಳಿಸಿ ಬರೆದಿಟ್ಟುಕೊಳ್ಳಿ. ಅಂಥ ಮಾತು ನಾಳೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನಾನು ಸಮಾಜಕಾರ್ಯದ ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ ಹಾಡಿಗಳಲ್ಲಿ ಹಾಡು ಮತ್ತು ಸಂದರ್ಶನ ರೆಕಾರ್ಡ್ ಮಾಡಬೇಕು. ಯೂಟ್ಯೂಬಿಗೂ ಹಾಕೋಣ ಅಂತ ಗೆಳತಿಯರು ಹೇಳುತ್ತಾರೆ. ಏನು ನೋಡಿಕೊಳ್ಳಬೇಕು?
— ಓದುಗಿ, ಮೈಸೂರು

ಉತ್ತರ: ಮಗಳೇ, ಹಾಡಿದವರನ್ನೇ ಕೇಳು. ರೆಕಾರ್ಡ್ ಮಾಡಲು ಒಪ್ಪಿದರು ಅಂದರೆ ಊರಿಗೆಲ್ಲ ತೋರಿಸಲು ಒಪ್ಪಿದರು ಅಂತಲ್ಲ. ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಸಾವಿನ ಮನೆಯಲ್ಲಿ ಮಾತ್ರ ಹಾಡುವ ಹಾಡುಗಳಿರುತ್ತವೆ, ಅವನ್ನು ಸುಮ್ನೆ ಎಲ್ಲೆಂದರಲ್ಲಿ ಕೇಳಿಸಬಾರದು. ದೇವರ ಜಾಗದ ಗುರುತನ್ನಂತೂ ಹೊರಗೆ ಹಾಕಲೇಬೇಡ. ಅವರು ಕೂಲಿ ಬಿಟ್ಟು ನಿನ್ನ ಜೊತೆ ಕೂತರೆ ಆ ದಿನದ ಕೂಲಿ ಕೊಡು. ಪ್ರಾಜೆಕ್ಟ್ ಮುಗಿದ ಮೇಲೆ ಅದರ ಕನ್ನಡ ಪ್ರತಿ ತೆಗೆದುಕೊಂಡು ವಾಪಸ್ ಹೋಗು, ಕೂತು ಓದಿ ಹೇಳು. ತಪ್ಪಿದ್ದರೆ ಅವರೇ ಹೇಳುತ್ತಾರೆ.

ರಾಗಿಕಲ್ಲಿನ ಅಜ್ಜಿ ಒಮ್ಮೆ ನನ್ನನ್ನು ಕೇಳಿದ್ದರು, "ನನ್ನ ದನಿ ಆ ಡಬ್ಬಿಯೊಳಗೆ ಇನ್ನೂ ಇದೆಯಾ?" ಹದಿನಾರು ವರ್ಷ ಕ್ಯಾಸೆಟ್ ನನ್ನ ಮನೆಯ ಅಟ್ಟದ ಮೇಲಿತ್ತು. ವಾಪಸ್ ಕೊಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಮೈಸೂರಿನಲ್ಲಿ ಅದನ್ನು ಮೊಬೈಲಿಗೆ ಇಳಿಸಿಸಿ ತಂದು ಮೊಮ್ಮಗನ ಕೈಗೆ ಕೊಟ್ಟೆ. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಕೊನೆಯ ತನಕ ಕೇಳಿದರು. ಆಮೇಲೆ, ಒಂದು ಜಾಗದ ಹೆಸರು ಬಿಟ್ಟುಹೋಗಿದೆ ಅಂದರು. ಹನ್ನೆರಡನೆಯದು. ಮೊಮ್ಮಗ ಬರೆದುಕೊಂಡ.