ಐದು ದಿನದ ಸೂಟಿ

(ಬಾಗಲಕೋಟೆ ನವನಗರದ ಓದುಗರೊಬ್ಬರು ‘ನಮ್ಮ ಮನೆಯ ಸರ್ಕಸ್’ ಎಂಬ ನಗೆಬರಹ ಕಳಿಸಿದ್ದಾರೆ. ಜೊತೆಗೆ ಒಂದು ಪತ್ರವೂ ಇದೆ. ಹತ್ತು ಜನರ ಅವರ ಮನೆಯಲ್ಲಿ 42 ವರ್ಷದಿಂದ ದುಡಿಯುತ್ತಿರುವ ಅಕ್ಕವ್ವ ಎಂಬ ಹೆಣ್ಣುಮಗಳು ಬನಶಂಕರಿ ಜಾತ್ರೆಗೆ ಐದು ದಿನ ಸೂಟಿ ಕೇಳಿದ್ದಾರೆ. ಅದಕ್ಕೆ ಮನೆಯಲ್ಲಿ ದೊಡ್ಡ ರಗಳೆಯಾಗಿದೆ. “ಮನೆಯಾಕಿ ಹಂಗ ಇಟ್ಕೊಂಡೀವಿ. ನಮ್ಮದೇನರೆ ತಪ್ಪೈತೇನ್ರಿ?” ಎಂದು ಓದುಗರು ಕೇಳಿದ್ದಾರೆ. ಅವರ ಹೆಸರು ಇಲ್ಲಿ ಕೊಟ್ಟಿಲ್ಲ.)

ತಂಗೀ,

ನೀವು ನನ್ನನ್ನು ‘ಅಣ್ಣಾರೇ’ ಎಂದು ಕರೆದಿದ್ದೀರಿ. ಆ ಸಲುಗೆಯಲ್ಲೇ ಬರೆಯುತ್ತೇನೆ.

ನಿಮ್ಮ ಬರಹ ಚೆನ್ನಾಗಿದೆ. ನಿಮ್ಮ ಮಾವನವರು ರಾತ್ರಿ ಹನ್ನೊಂದಕ್ಕೆ ಮಿಕ್ಸರ್ ಬಿಚ್ಚಿ ಅದರ ಮೋಟರನ್ನು ರೇಡಿಯೋಕ್ಕೆ ಜೋಡಿಸಲು ಹೋಗಿದ್ದು, ಅತ್ತೆಯವರು ಬೆಳಗಿನಿಂದ ಮಧ್ಯಾಹ್ನದೊಳಗೆ ಅಡಿಗೆ ನಾಲ್ಕು ಸಲ ಬದಲಿಸಿದ್ದು, ಸಣ್ಣ ಕಾಕಾ ಎರಡು ಗಂಟೆ ರಾತ್ರಿಯಲ್ಲಿ ಉಪ್ಪಿಟ್ಟು ಬೇಡಿದ್ದು, ಹೇಳದೆ ಕೇಳದೆ ಹನ್ನೆರಡು ಮಂದಿ ಬೀಗರು ಜೀಪಿನಿಂದ ಇಳಿದಿದ್ದು, ಎಲ್ಲಾ ಕಣ್ಣಿಗೆ ಕಟ್ಟುತ್ತದೆ. ಇದನ್ನು ಹಾಗೇ ಅಚ್ಚು ಹಾಕಿದ್ದರೆ ಓದುಗರು ಬಿದ್ದು ಬಿದ್ದು ನಗುತ್ತಿದ್ದರು.

ಆದರೆ ನಾನು ಹಾಕುತ್ತಿಲ್ಲ. ಎರಡನೇ ಸಲ ಓದುವಾಗ ಪೆನ್ಸಿಲ್ ಹಿಡಿದು ಒಂದು ಕೆಲಸ ಮಾಡಿದೆ. ಪ್ರತಿ ಪ್ರಸಂಗದ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದೆ. ಮಿಕ್ಸರ್ ಬಿಚ್ಚಿದ ರಾತ್ರಿ ಕೊನೆಗೆ ಒರಳಲ್ಲಿ ಚಟ್ನಿ ರುಬ್ಬಿದ್ದು ಅಕ್ಕವ್ವ. ನಾಲ್ಕನೇ ಅಡಿಗೆ ಮಾಡಿದ್ದು ಅಕ್ಕವ್ವ. ಎರಡು ಗಂಟೆಗೆ ಎದ್ದು ಒಲೆ ಹಚ್ಚಿದ್ದು ಅಕ್ಕವ್ವ. ಹನ್ನೆರಡು ಮಂದಿಗೆ ರೊಟ್ಟಿ ಬಡಿದದ್ದೂ ಅವರೇ. ಅಂದು ರಾತ್ರಿ ಅವರು ಉಂಡದ್ದು ಏನು ಅಂತ ಮಾತ್ರ ನೀವು ಬರೆದಿಲ್ಲ.

ನಿಮ್ಮ ಬರಹದಲ್ಲಿ ಅವರು ಉದ್ದಕ್ಕೂ ‘ಆಕಿ’. ನಾನು ‘ಅವರು’ ಅನ್ನುತ್ತೇನೆ. ಐವತ್ತೆಂಟು ವರ್ಷದವರು, ನನಗಿಂತ ಹಿರಿಯರು.

ನಮ್ಮ ಭಾಗದ ಪಾರಿಜಾತದ ಆಟ ನೀವೂ ನೋಡಿರಬೇಕು. ಸತ್ಯಭಾಮೆಗೂ ಕೃಷ್ಣನಿಗೂ ನಡುವೆ ಓಡಾಡುವ ದೂತಿ ಅದರಲ್ಲಿ ಬರುತ್ತಾಳೆ. ಅರಮನೆಯ ಸಿಟ್ಟು ಸೆಡವೆಲ್ಲ ಅವಳಿಗೆ ಗೊತ್ತು. ನೋಡಲು ಕೂತ ಮಂದಿ ಅವಳ ಮಾತಿಗೆ ಕಿವಿಗೊಟ್ಟು ಕಾಯುತ್ತಾರೆ. ನಿಮ್ಮ ಬರಹದ ಒಂಬತ್ತು ಪುಟದಲ್ಲಿ ಅಕ್ಕವ್ವನಿಗೆ ಸಿಕ್ಕ ಮಾತು ಎರಡೇ. “ಹೂಂ ರೀ” ಮತ್ತು “ಆತು ಬಿಡ್ರಿ”. ಇಷ್ಟು ವರ್ಷ ನಿಮ್ಮ ಮನೆ ಕಂಡವರಿಗೆ ಇಷ್ಟೇ ಮಾತು ಇರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಪತ್ರದಲ್ಲಿ ಒಂದು ಸಾಲು ಇದೆ. ಹಳೇ ಬಾಗಲಕೋಟೆಯ ಕಿಲ್ಲೆಯ ಮನೆಗೆ ಆಲಮಟ್ಟಿ ಹಿನ್ನೀರು ಬರುತ್ತದೆ ಅಂತಾದಾಗ ನೀವು ನವನಗರಕ್ಕೆ ಬಂದಿರಿ, ಅಕ್ಕವ್ವ ಒರಳು ಬಿಟ್ಟು ಬರಲು ಒಪ್ಪಲಿಲ್ಲ ಅಂತ. ಆ ಸಾಲಿನ ಮೇಲೆ ನಾನು ಬಹಳ ಹೊತ್ತು ನಿಂತೆ. ಮನೆ ಹೋಗಿದ್ದಕ್ಕೆ ಪರಿಹಾರ ನಿಮ್ಮ ಮಾವನವರಿಗೆ ಬಂತು. ಅದು ಸರಿಯೇ, ಮನೆ ಅವರದು. ಆದರೆ ಆ ಓಣಿಯಲ್ಲಿ ಅಕ್ಕವ್ವನಿಗೆ ಸಂಜೆ ಕಟ್ಟೆ ಮೇಲೆ ಕೂಡುವ ಗೆಳತಿಯರಿದ್ದರು, ಬಟ್ಟೆ ಒಗೆಯಲು ಹೊಳೆ ಇತ್ತು, ಹೋಳಿ ಹಬ್ಬಕ್ಕೆ ಹಲಗೆ ಬಾರಿಸುತ್ತಾ ಮಂದಿ ಹೋಗುವಾಗ ನಿಂತು ನೋಡುವ ಬಾಗಿಲಿತ್ತು. ಅದು ಯಾವ ಕಾಗದದಲ್ಲೂ ಬರಲಿಲ್ಲ. ಒಂದು ಒರಳು ಮಾತ್ರ ಅವರು ಹಟ ಮಾಡಿ ತಂದರು. ಅದನ್ನೂ ನಿಮ್ಮ ಮನೆಯ ಚಟ್ನಿಗೇ ಬಳಸುತ್ತಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. “ಮನೆಯಾಕಿ ಹಂಗ ಇಟ್ಕೊಂಡೀವಿ” ಅನ್ನುವುದು ಸುಳ್ಳಲ್ಲ. ಅಕ್ಕವ್ವ ಸೂಟಿ ಕೇಳಿದ್ದಕ್ಕೆ ನಿಮ್ಮ ಅತ್ತೆ ಅತ್ತದ್ದು ನಿಜವಾದ ಅಳು ಅಂತ ನಂಬುತ್ತೇನೆ. ಆದರೆ ಮನೆಯ ಹೆಣ್ಣುಮಗಳಿಗೆ ತವರಿಗೆ ಹೋಗಲು ಯಾರ ಅಪ್ಪಣೆ ಬೇಕು? ಮನೆಯವರಿಗೆ ಮೊಣಕಾಲು ನೋವಾದರೆ ದವಾಖಾನೆಗೆ ಕರೆದುಕೊಂಡು ಹೋಗುತ್ತೇವೆ ಅಲ್ವಾ? ಅಕ್ಕವ್ವನಿಗೆ ಮೊಣಕಾಲು ನೋವು ಎರಡು ವರ್ಷದಿಂದ ಇದೆ ಅಂತ ನೀವೇ ಬರೆದಿದ್ದೀರಿ. ಪಗಾರ ಕೇಳಿದಾಗ ಅವರು ಮನೆಯವರಾಗುತ್ತಾರೆ, ಸೂಟಿ ಕೇಳಿದಾಗ ಕೆಲಸದವರಾಗುತ್ತಾರೆ. ತಪ್ಪು ಅಲ್ಲಿದೆ ತಂಗೀ.

ನನ್ನ ಮನೆಯ ಮಾತನ್ನೂ ಹೇಳುತ್ತೇನೆ. ಬೆಳಗಾವಿಯ ಶಹಾಪುರದಲ್ಲಿ ನಮ್ಮ ಅಜ್ಜನ ಮನೆ ಇತ್ತು. ಅಲ್ಲಿ ನಾವು ಕಾಕಾ ಅನ್ನುತ್ತಿದ್ದ ಒಬ್ಬರು ಮೂವತ್ತು ವರ್ಷ ಅಡಿಗೆ ಕೆಲಸ ಮಾಡಿದರು. ಹಿತ್ತಲ ಬಾಗಿಲಿಗೆ ಚಿಲಕ ಕೆಟ್ಟಿತ್ತು. ಪ್ರತಿ ರಾತ್ರಿ ಅವರೇ ಒಂದು ದುಂಡು ಕಲ್ಲು ಉರುಳಿಸಿ ಬಾಗಿಲಿಗೆ ಆನಿಸಿ, ಅದರ ಹತ್ತಿರವೇ ಮಲಗುತ್ತಿದ್ದರು. ಕಣ್ಣು ಮಂಜಾದ ಮೇಲೆ ಅವರಿಗೆ ಒಂದು ಧೋತರ, ಒಂದು ಶಾಲು, ಬಸ್ ಚಾರ್ಜ್ ಕೊಟ್ಟು ಊರಿಗೆ ಕಳಿಸಿದೆವು. ಎಲ್ಲರೂ ಅತ್ತೆವು. ಐದು ವರ್ಷದ ನಂತರ ನೋಡಲು ಹೋದೆ. ಅಣ್ಣನ ಮಗನ ಪಡಸಾಲೆಯಲ್ಲಿ ಮಲಗಿದ್ದರು. ನನ್ನ ದನಿ ಗುರುತು ಹಿಡಿದು ಕೇಳಿದ ಮೊದಲ ಮಾತು: “ಹಿತ್ತಲ ಬಾಗಲಕ್ಕ ಚಿಲಕ ಹಾಕಿಸಿದ್ರೇನು?” ನಾವು ಹಾಕಿಸಿರಲಿಲ್ಲ. ಅವರ ಮುಪ್ಪಿಗೂ ಏನೂ ಮಾಡಿರಲಿಲ್ಲ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಏನು ಮಾಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ.

ಮೊದಲು ಪಗಾರ. ಹಗಲೂ ರಾತ್ರಿಯ ಕೆಲಸಕ್ಕೆ ತಿಂಗಳಿಗೆ ಆರು ಸಾವಿರ, ಊಟ, ಹಬ್ಬಕ್ಕೊಂದು ಇಳಕಲ್ ಸೀರೆ ಎಂದು ಬರೆದಿದ್ದೀರಿ. ಮನೆಗೆಲಸದವರಿಗೆ ಕನಿಷ್ಠ ಪಗಾರವನ್ನು ನಮ್ಮ ರಾಜ್ಯ 2004ರಲ್ಲೇ ಗೊತ್ತುಮಾಡಿದೆ. ದರ ಆಗಾಗ ಬದಲಾಗುತ್ತದೆ. ಈಗಿನ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಊಟ, ಸೀರೆಯನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಆಮೇಲೆ ಕಾಗದಪತ್ರ. ಇದು ಅವಸರದ ಮಾತು. ಅಸಂಘಟಿತ ಕೆಲಸಗಾರರಿಗೆ ಸರಕಾರ ಕೊಡುವ ಇ-ಶ್ರಮ್ ಕಾರ್ಡಿಗೆ 59 ವರ್ಷದವರೆಗೆ ಮಾತ್ರ ಹೆಸರು ಹಚ್ಚಬಹುದು. ಅಕ್ಕವ್ವನಿಗೆ ಸ್ವಲ್ಪವೇ ಸಮಯ ಉಳಿದಿದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋನ್ ತೆಗೆದುಕೊಂಡು ಈ ವಾರವೇ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ವಿಮೆಯನ್ನೂ ಅವರ ಖಾತೆಯಲ್ಲಿ ಮಾಡಿಸಿ. ಅಪಘಾತಕ್ಕೆ 2 ಲಕ್ಷದವರೆಗೆ ರಕ್ಷಣೆ ಸಿಗುತ್ತದೆ. ಅಸಂಘಟಿತ ಕೆಲಸಗಾರರ ಪಿಂಚಣಿ ಯೋಜನೆ 2019ರಲ್ಲಿ ಬಂತು. ಅದಕ್ಕೆ ಸೇರಲು 40 ದಾಟಿರಬಾರದು. ಅಕ್ಕವ್ವನಿಗೆ ಆಗಲೇ ವಯಸ್ಸು ಮೀರಿತ್ತು. ಹಿರಿಯರಿಗೆ ನಮ್ಮ ರಾಜ್ಯ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ, ಬೇಕೆಂದರೆ 65 ಆಗಬೇಕು, ಉಳಿದ ಷರತ್ತೂ ಹೊಂದಬೇಕು. ಷರತ್ತು ಹೊಂದಿದರೆ 60ಕ್ಕೆ ವೃದ್ಧಾಪ್ಯ ವೇತನ ಸಿಗಬಹುದು. ಆದರೆ ಇನ್ನು ಏಳು ವರ್ಷ ಅವರಿಗೆ ಸಂಧ್ಯಾ ಸುರಕ್ಷಾದ ಆಸರೆ ಇಲ್ಲ ಅಂತಲೇ ತಿಳಿಯಿರಿ. ಮೊಣಕಾಲು ಅಲ್ಲಿಯವರೆಗೆ ಕಾಯುವುದಿಲ್ಲ.

ಆ ಏಳು ವರ್ಷ ನಿಮ್ಮ ಮನೆಯ ಹೊಣೆ. ಬಹಳ ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಇಡುಗಂಟು ಕೊಡಿಸುವ ಗ್ರಾಚ್ಯುಟಿ ಕಾನೂನು ಮನೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಅದರ ಅಳತೆ ಬಳಸಲು ಯಾರೂ ಬೇಡ ಅನ್ನುವುದಿಲ್ಲ. ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ, ತಿಂಗಳಿಗೆ 26 ದಿನದ ಲೆಕ್ಕ. 42 ವರ್ಷಕ್ಕೆ 630 ದಿನ. ಈಗಿನ ಆರು ಸಾವಿರ ಹಿಡಿದರೂ 1 ಲಕ್ಷ 45 ಸಾವಿರ ದಾಟುತ್ತದೆ. ಪಗಾರ ಸರಿ ಮಾಡಿದ ಮೇಲೆ ಇನ್ನೂ ಜಾಸ್ತಿ. ನಿಮ್ಮ ಮಾವನವರು, ಕಾಕಾ, ನಿಮ್ಮ ಯಜಮಾನರು ಮೂವರೂ ಕೂಡಿದರೆ ಆಗದ ಮಾತಲ್ಲ. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಅವರ ಹೆಸರಲ್ಲೇ ಇಡಿ. ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ. ಪಾಸ್‌ಬುಕ್ ನಿಮ್ಮ ಕಪಾಟಿನಲ್ಲಿ ಇಡಬೇಡಿ, ಅವರ ಟ್ರಂಕಿನಲ್ಲಿರಲಿ.

ಕೊನೆಗೆ ಸೂಟಿ. ಮನೆಗೆಲಸದವರಿಗೆ ವಾರಕ್ಕೆ ಬಿಡದೆ 24 ತಾಸು ವಿರಾಮ ಇರಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಹೇಳಿತು. ನಮ್ಮ ದೇಶ ಅದಕ್ಕೆ ಇನ್ನೂ ಮುದ್ರೆ ಒತ್ತಿಲ್ಲ. ನಿಮ್ಮ ಮನೆ ಒತ್ತಬಹುದು. ಅಕ್ಕವ್ವ ಕೇಳಿದ್ದು ಬನದ ಹುಣ್ಣಿಮೆಗೆ ತೇರು ನೋಡಿ, ಒಂದೆರಡು ಕಂಪನಿ ನಾಟಕ ನೋಡಿ, ತಂಗಿಯ ಮನೆಯಲ್ಲಿ ನಾಲ್ಕು ದಿನ ಕೂತು ಉಣ್ಣುವುದನ್ನು. ಕೇಳಿದ್ದು ಬರೀ ಐದು ದಿನ. ಪಗಾರ ಹಿಡಿಯದೆ, ಮುಖ ಬಾಡಿಸದೆ, ಕೈಯಲ್ಲಿ ಖರ್ಚಿಗೆ ಕೊಟ್ಟು ಕಳಿಸಿ. “ಎಂದ ಬರ್ತಿ?” ಅಂತ ಎರಡನೇ ದಿನವೇ ಫೋನ್ ಮಾಡಬೇಡಿ.

ನಿಮ್ಮ ಹಸ್ತಪ್ರತಿ ವಾಪಸ್ ಕಳಿಸಿದ್ದೇನೆ. ಬರೆಯುವುದನ್ನು ಬಿಡಬೇಡಿ, ನಿಮ್ಮ ಕೈಯಲ್ಲಿ ಕಸುಬಿದೆ. ಅಕ್ಕವ್ವ ಜಾತ್ರೆಯಿಂದ ಬಂದ ಮೇಲೆ ಅವರಿಗೆ ಮನಸ್ಸಿದ್ದರೆ ಪಕ್ಕದಲ್ಲಿ ಕೂತು ಅವರ ಮಾತು ಬರೆದುಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡ ಅಂದದ್ದನ್ನು ಹೊಡೆದು ಹಾಕಿ. ಸಂಭಾವನೆ ಇಬ್ಬರಿಗೂ ಬೇರೆ ಬೇರೆ ಕಳಿಸುತ್ತೇನೆ. ಆ ಐದು ದಿನ ನಿಮ್ಮ ಮನೆಯಲ್ಲಿ ಭಾಂಡೆ ಯಾರು ತಿಕ್ಕಿದರು, ಎರಡು ಗಂಟೆ ರಾತ್ರಿಯ ಉಪ್ಪಿಟ್ಟು ಯಾರು ಮಾಡಿದರು ಅನ್ನುವುದನ್ನು ನೀವು ಬರೆಯಿರಿ.

— ಸಂಪಾದಕ