ತಲೆಗೆ ಪೆಟ್ಟು, ಮೈಯಲ್ಲಿ ಜ್ವರ: ಆಡಬೇಕೋ ಬೇಡವೋ?

ಆಟ–ಆರೋಗ್ಯ: ಓದುಗರ ಪ್ರಶ್ನೆ, ಕ್ರೀಡಾ ವೈದ್ಯರ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ತಲೆಗೆ ಪೆಟ್ಟು ಬಿದ್ದ ಮೇಲೆ ಆಡುವುದರ ಬಗ್ಗೆ, ಇಲ್ಲವೇ ಮೈ ಹುಷಾರಿಲ್ಲದಾಗ ಆಡುವುದರ ಬಗ್ಗೆ ಇವೆ. ಒಂದು ಪತ್ರ ಅಮೆರಿಕನ್ ಫುಟ್‌ಬಾಲಿನದು. ಆ ಆಟ ನಮ್ಮ ಕಡೆ ಇಲ್ಲದಿದ್ದರೂ ಉತ್ತರವನ್ನು ಉದ್ದವಾಗಿಯೇ ಕೊಟ್ಟಿದ್ದೇವೆ. ಅಲ್ಲಿಯ ಹುಡುಗರು ನರಳಿದ ಮೇಲೆ ಬಂದ ನಿಯಮಗಳು ನಮ್ಮ ಕಬಡ್ಡಿ, ಕುಸ್ತಿಯವರಿಗೂ ಬೇಕಾದವೇ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಹದಿನಾಲ್ಕು ವರ್ಷ. ಡಲ್ಲಾಸ್ ಹತ್ತಿರದ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಹೋದ ವಾರ ಡಿಕ್ಕಿಯಾಗಿ ತಲೆ ಗಿಮ್ಮೆಂದಿತಂತೆ, ಪ್ರಜ್ಞೆ ತಪ್ಪಿರಲಿಲ್ಲ. ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ. ಆದರೂ ಶಾಲೆಯವರು ‘ಕನ್ಕಷನ್’ ಎಂದು ಆಡಲು ಬಿಡುತ್ತಿಲ್ಲ. ಹುಡುಗ ‘ನಾ ಆರಾಮ ಇದೀನಿ ಅಜ್ಜಿ’ ಅಂತ ಫೋನಿನಲ್ಲಿ ಅಳುತ್ತಾನೆ. ಮಗಳು ಅವನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದಾಳೆ. ಇದು ಅತಿಯಾಯಿತೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಮ್ಮ, ಶಾಲೆಯವರು ಮಾಡಿದ್ದು ಸರಿ. ಕತ್ತಲೆ ಕೋಣೆ ಮಾತ್ರ ಬೇಡ.

ಸಿಟಿ ಸ್ಕ್ಯಾನ್ ತೋರಿಸುವುದು ಮೂಳೆ ಬಿರುಕು ಮತ್ತು ರಕ್ತಸ್ರಾವವನ್ನು. ಕನ್ಕಷನ್ ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದು, ಅದರಲ್ಲಿ ಇವೆರಡೂ ಇರುವುದಿಲ್ಲ. ತಲೆ ಥಟ್ಟನೆ ತಿರುಗಿದಾಗ ಮಿದುಳಿನ ನರತಂತುಗಳು ಎಳೆದುಕೊಂಡು, ಜೀವಕೋಶಗಳ ಒಳಗಿನ ಲವಣಗಳ ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕಾಗಿರುವ ಹೊತ್ತಿನಲ್ಲೇ ರಕ್ತದ ಹರಿವು ತಗ್ಗಿರುತ್ತದೆ. ಇದು ಸ್ಕ್ಯಾನಿನಲ್ಲಿ ಕಾಣದು. ಪ್ರಜ್ಞೆ ತಪ್ಪಬೇಕೆಂದೂ ಇಲ್ಲ. ಕನ್ಕಷನ್ ಆದವರಲ್ಲಿ ಹೆಚ್ಚಿನವರಿಗೆ ತಪ್ಪಿರುವುದಿಲ್ಲ.

ಈ ಸ್ಥಿತಿಯಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಚೇತರಿಕೆ ವಾರಗಳಿಂದ ತಿಂಗಳುಗಳಿಗೆ ಹೋಗಬಹುದು. ಅಪರೂಪಕ್ಕೆ ಮಿದುಳು ಒಮ್ಮೆಲೇ ಊದಿ ಜೀವಕ್ಕೇ ಕುತ್ತು ಬರುತ್ತದೆ, ಹಾಗಾದವರಲ್ಲಿ ಹೆಚ್ಚಿನವರು ನಿಮ್ಮ ಮೊಮ್ಮಗನಂಥ ಹರೆಯದವರೇ. 2006ರಲ್ಲಿ ವಾಷಿಂಗ್ಟನ್ ರಾಜ್ಯದ ಝಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ ಪೆಟ್ಟು ತಿಂದು, ಸ್ವಲ್ಪ ಹೊತ್ತು ಕೂತು, ಅದೇ ಪಂದ್ಯಕ್ಕೆ ಮರಳಿದ. ಪಂದ್ಯ ಮುಗಿಯುತ್ತಲೇ ಕುಸಿದ. ಮಿದುಳಿನ ರಕ್ತಸ್ರಾವಕ್ಕೆ ಶಸ್ತ್ರಚಿಕಿತ್ಸೆಯಾಗಿ ಬದುಕಿದ, ಮತ್ತೆ ಮಾತು, ನಡಿಗೆ ಕಲಿಯಲು ವರ್ಷಗಳೇ ಬೇಕಾದವು. ಅವನ ಹೆಸರಿನಲ್ಲೇ 2009ರಲ್ಲಿ ಅಲ್ಲಿ ಕಾಯ್ದೆ ಬಂತು. 2014ರ ಹೊತ್ತಿಗೆ ಐವತ್ತೂ ರಾಜ್ಯಗಳು ಇಂಥ ಕಾಯ್ದೆ ಮಾಡಿದವು. ಟೆಕ್ಸಾಸ್‌ನದು 2011ರದು. ಕನ್ಕಷನ್ ಸಂಶಯವಿದ್ದರೆ ಆ ದಿನ ಹುಡುಗ ಹೊರಗೆ. ಮರಳಬೇಕಾದರೆ ವೈದ್ಯರ ಲಿಖಿತ ಒಪ್ಪಿಗೆ, ಪಾಲಕರ ಸಹಿ ಎರಡೂ ಬೇಕು. ಕೋಚ್ ತಾನೇ ‘ಆಡು’ ಎನ್ನುವಂತಿಲ್ಲ. ಅಳಿಯಂದಿರು ಶಾಲೆಯ ಮೇಲೆ ಒತ್ತಡ ಹಾಕುತ್ತಿದ್ದರೆ ದಯವಿಟ್ಟು ನೀವೇ ತಡೆಯಿರಿ.

ಈಗ ಮನೆಯಲ್ಲಿ ಮಾಡಬೇಕಾದದ್ದು. ಮೊದಲ 24ರಿಂದ 48 ತಾಸು ಸಾಕಷ್ಟು ವಿಶ್ರಾಂತಿ, ಮೊಬೈಲ್–ಟಿವಿ ಕಡಿಮೆ. ಆಮೇಲೂ ಕತ್ತಲಲ್ಲಿ ಮಲಗಿಸಿದರೆ ತಲೆನೋವು, ಬೇಸರ, ನಿದ್ದೆಗೇಡು ಹೆಚ್ಚುತ್ತವೆಯೇ ಹೊರತು ಗುಣ ಬೇಗ ಆಗದು. ವಾರ ಕಳೆದಿರುವುದರಿಂದ ಅವನು ಈಗ ನಡೆದಾಡಬೇಕು, ಮೊದಲಿಗೆ ಅರ್ಧ ದಿನವಾದರೂ ಶಾಲೆಗೆ ಹೋಗಬೇಕು. ನಂತರ ಆಟಕ್ಕೆ ಆರು ಹಂತ, ಪ್ರತಿ ಹಂತಕ್ಕೂ ಕನಿಷ್ಠ 24 ತಾಸು: ದಿನನಿತ್ಯದ ಓಡಾಟ, ನಿಂತ ಸೈಕಲ್ ಅಥವಾ ಬಿರುಸು ನಡಿಗೆ, ಒಬ್ಬನೇ ಓಡುತ್ತಾ ದಿಕ್ಕು ಬದಲಿಸುವುದು, ಡಿಕ್ಕಿಯಿಲ್ಲದ ತಂಡದ ತಾಲೀಮು, ಡಿಕ್ಕಿಯಿರುವ ತಾಲೀಮು, ಪಂದ್ಯ. ಎರಡನೇ ಹಂತದಲ್ಲಿ ನಾಡಿ ಮೊದಲು ಗರಿಷ್ಠದ 55 ಶೇಕಡ, ಆಮೇಲೆ 70 ಶೇಕಡ ಮೀರಬಾರದು. ಅವನ ವಯಸ್ಸಿಗೆ ಅದು ಹೆಚ್ಚುಕಡಿಮೆ ನಿಮಿಷಕ್ಕೆ 113, ನಂತರ 144. ವ್ಯಾಯಾಮದಲ್ಲಿ ತಲೆನೋವು ಹತ್ತರ ಅಳತೆಯಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಏರಿದರೆ, ಇಲ್ಲವೇ ಒಂದು ತಾಸಾದರೂ ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ ಮರುದಿನ ಮತ್ತೆ ಪ್ರಯತ್ನ. ನಾಲ್ಕನೇ ಹಂತಕ್ಕೆ ಹೋಗುವ ಮೊದಲು ಲಕ್ಷಣ ಪೂರ್ತಿ ಹೋಗಿರಬೇಕು, ಇಡೀ ದಿನದ ಪಾಠ ತಲೆನೋವಿಲ್ಲದೆ ಮುಗಿಯುವಂತಿರಬೇಕು. ಮಕ್ಕಳಿಗೆ ಇದಕ್ಕೆಲ್ಲ ನಾಲ್ಕು ವಾರ ಹಿಡಿದರೂ ಅಸಹಜವಲ್ಲ.

‘ಆರಾಮ ಇದೀನಿ’ ಎಂಬ ಅವನ ಮಾತಿನ ಬಗ್ಗೆ ಒಂದು ವಿಷಯ. 2022ರ ಸೆಪ್ಟೆಂಬರ್ 25ರಂದು ಮಯಾಮಿ ತಂಡದ ಟುವಾ ಟಗೋವೈಲೋವಾ ನೆಲಕ್ಕೆ ತಲೆ ಬಡಿದು ಎದ್ದು, ಎರಡು ಹೆಜ್ಜೆಗೇ ತೂರಾಡಿ ಬಿದ್ದರು. ಬೆನ್ನುನೋವಿನಿಂದ ಹಾಗಾಯಿತು ಎಂದು ತೀರ್ಮಾನವಾಗಿ ಅದೇ ಪಂದ್ಯಕ್ಕೆ ಮರಳಿದರು. ನಾಲ್ಕೇ ದಿನಕ್ಕೆ ಮುಂದಿನ ಪಂದ್ಯ. ಅಲ್ಲಿ ಮತ್ತೆ ಪೆಟ್ಟಾಗಿ, ಕೈಬೆರಳುಗಳು ಸೆಟೆದುಕೊಂಡು, ಸ್ಟ್ರೆಚರ್ ಮೇಲೆ ಹೊರಗೆ ಹೋದರು. ಅಕ್ಟೋಬರಿನಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ನಿಯಮ ಬಿಗಿ ಮಾಡಿತು: ಪೆಟ್ಟಿನ ನಂತರ ನಡಿಗೆಯ ತೋಲ ತಪ್ಪಿದರೆ, ಕಾರಣ ಏನೇ ಹೇಳಿದರೂ, ಆ ದಿನ ಆಟವಿಲ್ಲ. ಅಷ್ಟೊಂದು ವೈದ್ಯರಿರುವ ಲೀಗಿನಲ್ಲೇ ಹೀಗಾಗಿರುವಾಗ ಹದಿನಾಲ್ಕರ ಹುಡುಗನ ಮಾತಿನ ಮೇಲೆ ತೀರ್ಮಾನ ಬಿಡಲಾಗದು. ಪೆಟ್ಟು ಬಿದ್ದಿರುವುದು ತನ್ನನ್ನು ತಾನು ಅಳೆಯಬೇಕಾದ ಮಿದುಳಿಗೇ.

ಪ್ರಶ್ನೆ: ತಾಲ್ಲೂಕು ಮಟ್ಟದ ಕಬಡ್ಡಿ ನಡಸ್ತೀವ್ರಿ. ಡಾಕ್ಟರ್ ಯಾರೂ ಇರೂದಿಲ್ಲ. ರೇಡರ್ ತಲಿ ಇನ್ನೊಬ್ಬರ ಮೊಣಕಾಲಿಗೆ ಬಡೀತಂದ್ರ ಮುಖಕ್ಕ ನೀರು ಹೊಡದು ಎಬ್ಬಸ್ತೀವಿ. ‘ಆಡ್ತಿಯೇನೋ’ ಅಂದ್ರ ‘ಆಡ್ತೇನ್ರಿ ಸರ್’ ಅಂತಾನ. ನಾವು ಏನು ನೋಡಬೇಕ್ರಿ?
— ದೈಹಿಕ ಶಿಕ್ಷಕರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಮಾಸ್ತರೇ, ಮೊದಲು ‘ಆಡ್ತಿಯೇನೋ’ ಎಂದು ಕೇಳುವುದನ್ನು ಬಿಡಿ. ಸೆಮಿಫೈನಲ್ ನಡುವೆ ಊರೆಲ್ಲ ಕೂಗುತ್ತಿರುವಾಗ ‘ಇಲ್ಲ’ ಎನ್ನುವ ಹುಡುಗ ಸಿಗುವುದಿಲ್ಲ. ಟೂರ್ನಿಯ ಬೆಳಿಗ್ಗೆಯೇ ಯಾವ ತಂಡಕ್ಕೂ ಸೇರದ ಒಬ್ಬರನ್ನು ಗೊತ್ತು ಮಾಡಿ. ‘ಇವರು ಹೊರಗೆ ಎಂದರೆ ಹೊರಗೆ’ ಎಂದು ಎರಡೂ ಕಡೆಯ ಕೋಚ್‌ಗಳಿಂದ ಒಪ್ಪಿಗೆ ಪಡೆಯಿರಿ. ಎನ್‌ಎಫ್‌ಎಲ್‌ನಲ್ಲಿ ಗ್ಯಾಲರಿಯ ಮೇಲೆ ಕೂತು ಇದನ್ನೇ ಗಮನಿಸುವವರಿದ್ದಾರೆ, 2015ರಿಂದ ಆಟ ನಿಲ್ಲಿಸುವ ಅಧಿಕಾರವೂ ಅವರಿಗಿದೆ. ನಿಮ್ಮಲ್ಲಿ ಮ್ಯಾಟಿನ ಪಕ್ಕ ಒಂದು ಕುರ್ಚಿ ಸಾಕು.

ಅವರು ನೋಡಬೇಕಾದದ್ದು: ಬಿದ್ದವನು ಕೆಲ ಕ್ಷಣ ಅಲುಗದೆ ಇದ್ದನೇ, ಏಳುವಾಗ ತೂರಾಡಿದನೇ, ಕಣ್ಣು ಶೂನ್ಯಕ್ಕೆ ನೆಟ್ಟಿದೆಯೇ, ತಲೆ ಹಿಡಿದುಕೊಂಡನೇ, ತನ್ನ ಕೋರ್ಟು ಬಿಟ್ಟು ಎದುರಾಳಿ ಕಡೆ ನಡೆದನೇ. ಇದರಲ್ಲಿ ಒಂದು ಕಂಡರೂ ಸಾಕು, ಆ ದಿನದ ಆಟ ಮುಗಿಯಿತು. ಬೆಂಚಿನಲ್ಲಿ ಬದಲಿ ಆಟಗಾರರು ಇದ್ದೇ ಇರುತ್ತಾರೆ.

ಏನೂ ಕಾಣದೆ ಬರೀ ಸಂಶಯವಿದ್ದರೆ ಕೇಳಿ: ಈಗ ಯಾವ ಮೈದಾನದಲ್ಲಿದ್ದೇವೆ? ಇದು ಮೊದಲ ಅರ್ಧವೋ ಎರಡನೆಯದೋ? ಕೊನೆಯ ಪಾಯಿಂಟ್ ಯಾರದು? ಹಿಂದಿನ ಪಂದ್ಯ ಯಾರ ಮೇಲೆ, ಗೆದ್ದೆವೋ ಸೋತೆವೋ? ಡಿಸೆಂಬರಿನಿಂದ ಹಿಂದಕ್ಕೆ ತಿಂಗಳು ಹೇಳಿಸಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ಒಂದೇ ಗೆರೆಯಲ್ಲಿ ಮೂರು ಮೀಟರ್ ನಡೆಸಿ. ತಪ್ಪಿದರೆ ಹೊರಗೆ. ಆದರೆ ಎಲ್ಲಕ್ಕೂ ಸರಿಯಾಗಿ ಉತ್ತರಿಸಿದ ಮಾತ್ರಕ್ಕೆ ತಲೆನೋವು, ಮಂಪರು ಎನ್ನುವವನನ್ನು ಒಳಗೆ ಕಳಿಸಬೇಡಿ. ಈ ಪ್ರಶ್ನೆಗಳು ಹೊರಗೆ ಕೂರಿಸಲು ಇರುವವು, ಒಳಗೆ ಕಳಿಸಲು ಅಲ್ಲ. ಲಕ್ಷಣಗಳು ಅರ್ಧ ತಾಸಿನ ಮೇಲೂ ಶುರುವಾಗುತ್ತವೆ.

ನೀರು ಎರಚುವುದು, ಈರುಳ್ಳಿ ಮೂಸಿಸುವುದು, ರಟ್ಟೆ ಹಿಡಿದು ಎತ್ತಿ ಕೂರಿಸುವುದು ಬೇಡವೇ ಬೇಡ. ತಲೆಗೆ ಬಿದ್ದ ಪೆಟ್ಟು ಕತ್ತಿನ ಎಲುಬಿಗೂ ಬಿದ್ದಿರಬಹುದು. ಪ್ರಜ್ಞೆ ಇಲ್ಲದಿದ್ದರೆ ಅಥವಾ ಕತ್ತು ನೋಯುತ್ತಿದೆ, ಕೈಕಾಲು ಜುಮ್ಮೆನ್ನುತ್ತಿದೆ ಎಂದರೆ ಒಬ್ಬರು ಅವನ ತಲೆಯ ಕಡೆ ಮಂಡಿಯೂರಿ ಎರಡೂ ಅಂಗೈಯಿಂದ ತಲೆಯನ್ನು ಅಲುಗದಂತೆ ಹಿಡಿಯಲಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಉಸಿರಾಟ ನೋಡುತ್ತಿರಿ. ವಾಂತಿ ಬಂದರೆ ತಲೆ, ಕತ್ತು, ಮೈ ಒಂದೇ ನೇರದಲ್ಲಿ ಇರುವಂತೆ ಮೂರ್ನಾಲ್ಕು ಜನ ಸೇರಿ ಪಕ್ಕಕ್ಕೆ ಹೊರಳಿಸಿ.

ಮನೆಗೋ ಹಾಸ್ಟೆಲಿಗೋ ಕಳಿಸುವಾಗ ಒಬ್ಬನೇ ಹೋಗಬಾರದು, ಬೈಕ್ ಓಡಿಸಬಾರದು. ವಾರ್ಡನ್ ಕೈಗೆ ಚೀಟಿ ಬರೆದುಕೊಡಿ: ತಲೆನೋವು ಏರುತ್ತಾ ಹೋದರೆ, ವಾಂತಿಯಾದರೆ, ಫಿಟ್ಸ್ ಬಂದರೆ, ಎರಡೆರಡಾಗಿ ಕಂಡರೆ, ಮಾತು ತೊದಲಿದರೆ, ವಿಪರೀತ ಸಿಡುಕು ಅಥವಾ ಎಬ್ಬಿಸಿದರೂ ಏಳದ ನಿದ್ದೆಯಿದ್ದರೆ ತಡಮಾಡದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಮೊದಲೆರಡು ದಿನ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ವೈದ್ಯರು ನೋಡಿದ ಮೇಲೆ ರಾತ್ರಿ ಮಲಗಬಹುದು. ಬೆಳತನಕ ಎಚ್ಚರ ಇರಿಸುವ ಅಗತ್ಯವಿಲ್ಲ.

ಪ್ರಶ್ನೆ: ಪಂದ್ಯದ ದಿನ 101 ಡಿಗ್ರಿ ಜ್ವರ ಇದ್ದರೆ ಗುಳಿಗೆ ನುಂಗಿ, ಸಲೈನ್ ಹಾಕಿಸಿಕೊಂಡು ಆಡುತ್ತೇವೆ. ದೊಡ್ಡ ಆಟಗಾರರೂ ಹಾಗೆ ಆಡಿ ಗೆದ್ದಿಲ್ಲವೇ?
— ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ಆಡಿದ್ದಾರೆ. ಜೋ ಮೊಂಟಾನಾ ಎಂಬ ಅಮೆರಿಕನ್ ಫುಟ್‌ಬಾಲ್ ಆಟಗಾರ 1979ರ ಕಾಟನ್ ಬೌಲ್ ಪಂದ್ಯದಲ್ಲಿ ಮೈ ತಣ್ಣಗಾಗಿ ನಡುಗುತ್ತಾ ಒಳಗೆ ಹೋಗಿ, ಬಿಸಿ ಸೂಪು ಕುಡಿದು ಹೊರಬಂದು, ತಂಡವನ್ನು 35–34ರಿಂದ ಗೆಲ್ಲಿಸಿದ್ದನ್ನು ಇಂದಿಗೂ ಹೇಳುತ್ತಾರೆ. ಅದು ಹಿಮಗಾಳಿಯ ದಿನ. ಗದಗಿನ ಬಿಸಿಲಿಗೆ ಹೊಂದುವ ಉದಾಹರಣೆ ಬೇರೆಯದು. 2001ರ ಜುಲೈ ಕೊನೆಯಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ 27 ವರ್ಷದ ಕೋರಿ ಸ್ಟ್ರಿಂಗರ್ ಮೊದಲ ದಿನ ತಾಲೀಮು ಪೂರೈಸಲಾಗದೆ ಹೊರಬಂದರು. ಮರುದಿನ ಬಿಸಿಲಲ್ಲಿ ಮತ್ತೆ ಇಳಿದರು, ವಾಂತಿ ಮಾಡಿಕೊಂಡರೂ ಬಿಡಲಿಲ್ಲ. ಆಸ್ಪತ್ರೆ ಸೇರಿದಾಗ ಮೈ 108.8 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಆಗಸ್ಟ್ 1ರಂದು ತೀರಿಕೊಂಡರು.

ಗುಳಿಗೆ ಜ್ವರದ ಅಂಕಿಯನ್ನು ಇಳಿಸುತ್ತದೆ, ಸೋಂಕನ್ನಲ್ಲ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಇಳಿಯುತ್ತವೆ. ಆಗ ಜೋರಾಗಿ ಓಡಿದರೆ ಬಡಿತದ ಲಯ ಕೆಟ್ಟು ಮೈದಾನದಲ್ಲೇ ಕುಸಿಯುವ ಅಪಾಯವಿದೆ. ಜ್ವರದಲ್ಲಿ ನೀರಿನಂಶ ಮೊದಲೇ ಕಡಿಮೆ, ಮೈ ಮೊದಲೇ ಬಿಸಿ. ಒಂದು ಬಾಟಲಿ ಸಲೈನ್ ಇದಾವುದನ್ನೂ ಬದಲಿಸದು.

ಬರೀ ಮೂಗು ಸೋರುವುದು, ಸೀನು, ಗಂಟಲ ಕೆರೆತವಿದ್ದರೆ ಹತ್ತು ನಿಮಿಷ ಹಗುರ ಓಟ ಮಾಡಿ ನೋಡಿ, ಸರಿಯೆನಿಸಿದರೆ ಆಡಿ. ಜ್ವರ, ಮೈಕೈ ನೋವು, ಎದೆಯ ಕೆಮ್ಮು, ವಾಂತಿ–ಭೇದಿ ಇದ್ದರೆ ಇಲ್ಲ. ಗುಳಿಗೆಯಿಲ್ಲದೆ 24 ತಾಸು ಜ್ವರ ಬಾರದಿದ್ದ ಮೇಲೆ ಮೊದಲ ದಿನ ನಡಿಗೆ, ಮರುದಿನ ಅರ್ಧ ತಾಲೀಮು, ಆಮೇಲೆ ಪೂರ್ತಿ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸಿ: ಎಂದಿಗಿಂತ ಹತ್ತು ಬಡಿತ ಹೆಚ್ಚಿದ್ದರೆ ಇನ್ನೂ ಒಂದು ದಿನ ತಡೆಯಿರಿ. ಎದೆನೋವು, ಎದೆ ಡವಗುಟ್ಟುವುದು, ಮೆಟ್ಟಿಲಿಗೇ ಏದುಸಿರು ಬಂದರೆ ಇಸಿಜಿ ಆಗದೆ ಮೈದಾನಕ್ಕೆ ಇಳಿಯಬೇಡಿ.

ಡೆಂಗಿ, ಟೈಫಾಯ್ಡ್, ಮಲೇರಿಯಾ ಬೇರೆಯೇ ಮಾತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಸಣ್ಣ ಪೆಟ್ಟಿಗೂ ಒಳಗೆ ರಕ್ತ ಸೋರುತ್ತದೆ. ಈ ಮೂರರಲ್ಲೂ ಗುಲ್ಮ (ಸ್ಪ್ಲೀನ್) ದೊಡ್ಡದಾಗಬಹುದು, ಎಡಪಕ್ಕೆಯ ಮೇಲೆ ಒಬ್ಬ ಬಿದ್ದರೆ ಅದು ಒಡೆಯಬಹುದು. ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ರಕ್ತದ ವರದಿ ನೋಡಿ ‘ಸರಿ’ ಎನ್ನುವ ತನಕ ಕಬಡ್ಡಿ, ಕುಸ್ತಿ ಬೇಡ.

ಬಿಸಿಲಲ್ಲಿ ಆಡುತ್ತಾ ಯಾರಾದರೂ ಅಸಂಬದ್ಧ ಮಾತಾಡಿ ಕುಸಿದರೆ, ಮೈ ಕೆಂಡದಂತಿದ್ದರೆ, ಆಂಬುಲೆನ್ಸ್ ಬರುವ ತನಕ ಸುಮ್ಮನೆ ಕಾಯಬೇಡಿ. ಹತ್ತಿರದ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ, ಒಬ್ಬರು ಕಂಕುಳಲ್ಲಿ ಕೈಹಾಕಿ ತಲೆ ಮೇಲಿರುವಂತೆ ಹಿಡಿದಿರಿ. ಐಸ್ ಸಿಕ್ಕರೆ ನೀರಿಗೆ ಸುರಿಯಿರಿ. ತೊಟ್ಟಿ ಇಲ್ಲದಿದ್ದರೆ ನೆರಳಲ್ಲಿ ಮಲಗಿಸಿ ಬಿಡದೆ ನೀರು ಸುರಿದು ಗಾಳಿ ಹಾಕಿ. ಮೊದಲು ತಂಪು, ಆಮೇಲೆ ಸಾಗಾಟ. ಮಂಪರಿನಲ್ಲಿರುವವನ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ಮ್ಯಾಟಿನ ಮೇಲೆ ತರಚಿದ ಗಾಯ ಕೀವಾಗಿದೆ. ಪಟ್ಟಿ ಸುತ್ತಿ ಆಡಬಹುದೇ?
— ಲಕ್ಷ್ಮೇಶ್ವರ

ಉತ್ತರ: ಬೇಡ. ಅಮೆರಿಕನ್ ಫುಟ್‌ಬಾಲಿನ ಸೇಂಟ್ ಲೂಯಿಸ್ ರಾಮ್ಸ್ ತಂಡದಲ್ಲಿ 2003ರಲ್ಲಿ ಐವರು ಆಟಗಾರರಿಗೆ ಔಷಧಕ್ಕೆ ಬಗ್ಗದ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹಬ್ಬಿತು. ಎಲ್ಲವೂ ಮೊಣಕೈ, ಮುಂಗೈ, ಮೊಣಕಾಲಿನ ತರಚು ಗಾಯದಲ್ಲೇ. ಒಂದೇ ಟವೆಲ್ಲನ್ನು ಹಲವರು ಬಳಸುತ್ತಿದ್ದರು. ನೀವು ಮೊದಲು ಕೀವು ತೆಗೆಸಿ, ಒಣಗುವ ತನಕ ನಿಲ್ಲಿ. ತರಚಿದ ತಕ್ಷಣ ಸಾಬೂನು ನೀರಿನಿಂದ ತೊಳೆಯಿರಿ, ಟವೆಲ್ ಹಂಚಿಕೊಳ್ಳಬೇಡಿ, ಮ್ಯಾಟನ್ನು ದಿನವೂ ಸೋಂಕುನಿವಾರಕದಿಂದ ಒರೆಸಿ.

ಪ್ರಶ್ನೆ: ಮಗನಿಗೆ ಒಳ್ಳೆಯ ಕ್ರಿಕೆಟ್ ಹೆಲ್ಮೆಟ್ ಕೊಡಿಸಿದ್ದೇನೆ. ಇನ್ನು ಕನ್ಕಷನ್ ಭಯವಿಲ್ಲ ಅಲ್ಲವೇ?
— ಸಪ್ತಾಪುರ, ಧಾರವಾಡ

ಉತ್ತರ: ಹೆಲ್ಮೆಟ್ ಬುರುಡೆ ಮತ್ತು ಮುಖದ ಎಲುಬನ್ನು ಕಾಯುತ್ತದೆ, ಕನ್ಕಷನ್ ತಡೆಯುವ ಖಾತ್ರಿಯಿಲ್ಲ. ಸ್ಕೂಟರಿನಲ್ಲಿ ಒಯ್ದ ಸ್ಟೀಲ್ ಡಬ್ಬಿಗೆ ಏನೂ ಆಗದೆ ಒಳಗಿನ ಗಟ್ಟಿ ಮೊಸರು ಒಡೆಯುವುದಿಲ್ಲವೇ, ಹಾಗೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಎಲ್ಲರೂ ಹೆಲ್ಮೆಟ್ ತೊಟ್ಟೇ ಆಡುತ್ತಾರೆ, ಕನ್ಕಷನ್ ನಿಂತಿಲ್ಲ. ಕ್ರಿಕೆಟಿನಲ್ಲಿ 2019ರಿಂದ ಐಸಿಸಿ ಕನ್ಕಷನ್ ಬದಲಿ ಆಟಗಾರನಿಗೆ ಅವಕಾಶ ಕೊಟ್ಟದ್ದೂ ಇದೇ ಕಾರಣಕ್ಕೆ. ಮೊದಲಿಗೆ ಸ್ಟೀವ್ ಸ್ಮಿತ್ ಜಾಗಕ್ಕೆ ಲಾಬುಶೇನ್ ಬಂದರು. ಜೋರಾದ ಚೆಂಡು ಬಡಿದ ಹೆಲ್ಮೆಟನ್ನು, ಬಿರುಕು ಕಾಣದಿದ್ದರೂ, ಬದಲಿಸಿ.

ಪ್ರಶ್ನೆ: ನಮ್ಮ ಅಣ್ಣನಿಗೆ 46. ಇಪ್ಪತ್ತು ವರ್ಷ ಕಬಡ್ಡಿ ಆಡಿದವ, ತಲೆಗೆ ಸಾಕಷ್ಟು ಪೆಟ್ಟು ತಿಂದಿದ್ದಾನೆ. ಈಗ ಮರೆವು, ಸಿಟ್ಟು. ಇದು ಅಮೆರಿಕದ ಆಟಗಾರರಿಗೆ ಬರುವ ಸಿಟಿಇ ಕಾಯಿಲೆಯೇ?
— ನವಲಗುಂದ

ಉತ್ತರ: ಹಾಗೆಂದು ಈಗಲೇ ತೀರ್ಮಾನಿಸಬೇಡಿ. ಸಿಟಿಇ ಅಂದರೆ ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಮಿದುಳು ನಿಧಾನವಾಗಿ ಕ್ಷೀಣಿಸುವ ಕಾಯಿಲೆ. ಪಿಟ್ಸ್‌ಬರ್ಗ್ ತಂಡದಲ್ಲಿ ಆಡಿದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ, ಐವತ್ತನೇ ವಯಸ್ಸಿನಲ್ಲಿ ತೀರಿಕೊಂಡಾಗ ಡಾ. ಬೆನೆಟ್ ಒಮಾಲು ಅವರ ಮಿದುಳನ್ನು ಪರೀಕ್ಷಿಸಿ ಈ ಕಾಯಿಲೆ ಗುರುತಿಸಿದರು, 2005ರಲ್ಲಿ ಪ್ರಕಟಿಸಿದರು. ಇವತ್ತಿಗೂ ಇದು ಖಚಿತವಾಗುವುದು ಮರಣಾನಂತರವೇ. 2017ರ ಅಧ್ಯಯನದಲ್ಲಿ ಎನ್‌ಎಫ್‌ಎಲ್ ಆಡಿದ 111 ಜನರ ಮಿದುಳುಗಳ ಪೈಕಿ 110ರಲ್ಲಿ ಅದು ಕಂಡಿತ್ತು. ಆದರೆ ಅವು ಕುಟುಂಬದವರಿಗೆ ಸಂಶಯವಿದ್ದು ದಾನವಾಗಿ ಬಂದವೇ ಹೆಚ್ಚು, ಎಲ್ಲ ಆಟಗಾರರ ಲೆಕ್ಕವಲ್ಲ.

ಅಣ್ಣನ ವಯಸ್ಸಿನಲ್ಲಿ ಮರೆವು, ಸಿಟ್ಟಿಗೆ ಗುಣವಾಗುವ ಕಾರಣಗಳು ಬಹಳ. ಬಿ12 ಕೊರತೆ, ಥೈರಾಯ್ಡ್, ಸಕ್ಕರೆ, ಬಿಪಿ, ಖಿನ್ನತೆ, ಕುಡಿತ, ಗೊರಕೆಯ ಜೊತೆ ಉಸಿರು ಕಟ್ಟುವ ನಿದ್ದೆ, ಇವನ್ನೆಲ್ಲ ಮೊದಲು ನೋಡಿಸಿ. ಇತ್ತೀಚೆಗೆ ಬಿದ್ದಿದ್ದರೆ ತಲೆಬುರುಡೆಯೊಳಗೆ ನಿಧಾನ ರಕ್ತ ಕಟ್ಟಿರಬಹುದು, ಸ್ಕ್ಯಾನಿನಲ್ಲಿ ಅದು ಗೊತ್ತಾಗುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವಾಗ ಅತ್ತಿಗೆಯವರನ್ನೂ ಕರೆದುಕೊಂಡು ಹೋಗಿ. ಮರೆವು ಯಾವಾಗ ಶುರುವಾಯಿತು, ಏನನ್ನು ಮರೆಯುತ್ತಾರೆ, ರಾತ್ರಿ ನಿದ್ದೆ ಹೇಗೆ, ಯಾವ ಮಾತ್ರೆ ನುಂಗುತ್ತಾರೆ ಎಂಬುದನ್ನು ಅವರೇ ಒಂದು ಹಾಳೆಯಲ್ಲಿ ಬರೆದು ತರಲಿ.