ಎಂಟನೇ ತರಗತಿಗೆ ಯಾವ ಸರ್ಕಾರಿ ಶಾಲೆ? ಮೊದಲು ಗಣಿತದ ಮೇಷ್ಟ್ರು ಇದ್ದಾರಾ ಕೇಳಿ

ಪ್ರಶ್ನೆ: ಸರ್, ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲೇ ಒಂದನೇ ತರಗತಿಯಿಂದ ಕನ್ನಡ ಮೀಡಿಯಂನಲ್ಲಿ ಓದಿ ಈಗ ಏಳನೆಯದು ಮುಗಿಸುತ್ತಿದ್ದಾಳೆ. ಚುರುಕಾಗಿದ್ದಾಳೆ. ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಸರ್ಕಾರಿ ಪ್ರೌಢಶಾಲೆ ಇದೆ. ಪೇಟೆಯಲ್ಲಿ ಸರ್ಕಾರದ್ದೇ ಕರ್ನಾಟಕ ಪಬ್ಲಿಕ್ ಶಾಲೆ ಇದೆ, ಅಲ್ಲಿ ಇಂಗ್ಲಿಷ್ ಮೀಡಿಯಂ, ರಿಸಲ್ಟೂ ಚೆನ್ನಾಗಿದೆ ಅಂತಾರೆ. ನಮ್ಮ ಯಜಮಾನರು ಪೇಟೆಗೇ ಸೇರಿಸೋಣ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಮೇಡಂ, ಶಾಲೆ ನೋಡುವುದಕ್ಕೂ ಮೊದಲು ಒಂದು ಲೆಕ್ಕ ಹಾಕಿಬಿಡಿ. ಇದನ್ನು ಜೂನ್ ತಿಂಗಳಲ್ಲಿ ಯಾರೂ ಹೇಳುವುದಿಲ್ಲ, ಐದು ವರ್ಷ ಆದ ಮೇಲೆ ಎಂಜಿನಿಯರಿಂಗ್‌ನಂಥ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಗೆ ಅರ್ಜಿ ತುಂಬುವಾಗ ಎಲ್ಲರಿಗೂ ನೆನಪಾಗುತ್ತದೆ. ಸಿಇಟಿಯಲ್ಲಿ ಗ್ರಾಮೀಣ ಕೋಟಾ ಶೇ 15, ಕನ್ನಡ ಮಾಧ್ಯಮದ ಕೋಟಾ ಶೇ 5. ಎರಡಕ್ಕೂ ಷರತ್ತು ಒಂದೇ ತರಹದ್ದು: ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ. ಒಂಬತ್ತು ವರ್ಷ ಓದಿದ್ದೇನೆ ಅಂದರೆ ನಡೆಯುವುದಿಲ್ಲ. ನಿಮ್ಮ ಮಗಳು ಈಗಾಗಲೇ ಏಳು ವರ್ಷ ಕೂಡಿಟ್ಟಿದ್ದಾಳೆ. ಪೇಟೆಯ ಶಾಲೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಗ್ರಾಮೀಣ ಕೋಟಾ ಅಲ್ಲಿಗೆ ಮುಗಿಯಿತು. ಅಲ್ಲಿ ಇಂಗ್ಲಿಷ್ ಮೀಡಿಯಂಗೆ ಸೇರಿಸಿದರೆ ಕನ್ನಡ ಮಾಧ್ಯಮದ್ದೂ ಹೋಯಿತು. ಸರ್ಕಾರಿ ಕೆಲಸದ ನೇಮಕಾತಿಯಲ್ಲೂ ಈ ಎರಡೂ ಮೀಸಲಾತಿ ಇವೆ. ಹತ್ತು ವರ್ಷದ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು, ಹಾಗಾಗಿ ಆ ಶಾಲೆ ಗ್ರಾಮೀಣ ಅಂತ ಲೆಕ್ಕಕ್ಕೆ ಬರುತ್ತದಾ ಇಲ್ಲವಾ ಅನ್ನುವುದನ್ನು ಪಕ್ಕದ ಮನೆಯವರನ್ನು ಕೇಳಬೇಡಿ, ಬಿಇಒ ಆಫೀಸಿನಲ್ಲೇ ಕೇಳಿ.

ಹಾಗಂತ ಕೋಟಾ ಉಳಿಸಿಕೊಳ್ಳುವುದಕ್ಕಾಗಿಯೇ ಹಳ್ಳಿ ಶಾಲೆಗೆ ಹಾಕಿ ಅನ್ನುತ್ತಿಲ್ಲ. ಗಣಿತ ವಿಜ್ಞಾನ ಹೇಳಿಕೊಡುವವರೇ ಇಲ್ಲದ ಶಾಲೆಯಲ್ಲಿ ಮೂರು ವರ್ಷ ಕಳೆದರೆ ಕೋಟಾ ಇಟ್ಟುಕೊಂಡು ಏನು ಮಾಡುವುದು? ಅಂಕ ಬಂದರೆ ತಾನೇ ಕೋಟಾ.

ಅದಕ್ಕೇ ಎರಡನೇ ಕೆಲಸ, ಎರಡೂ ಶಾಲೆಗೆ ಹೋಗಿ ಮೇಷ್ಟ್ರುಗಳ ಲೆಕ್ಕ ಕೇಳುವುದು. ದಾಖಲಾತಿ ಆಂದೋಲನದ ದಿನ ಹೋಗಬೇಡಿ, ಅವತ್ತು ತಳಿರು ತೋರಣ ಕಟ್ಟಿರುತ್ತಾರೆ, ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಪಾಠ ನಡೆಯುವ ಮಾಮೂಲಿ ದಿನ ಹೋಗಿ. ಪ್ರೌಢಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನಕ್ಕೆ ಒಬ್ಬೊಬ್ಬರು ಬೇಕು. ಜೊತೆಗೆ ಪಿಸಿಎಂ ಅಂತ ಕರೆಯುವ ಗಣಿತ-ಭೌತಶಾಸ್ತ್ರದ ಮೇಷ್ಟ್ರು, ಸಿಬಿಝಡ್ ಅನ್ನುವ ರಸಾಯನ-ಜೀವಶಾಸ್ತ್ರದ ಮೇಷ್ಟ್ರು. ಈ ಕೊನೆಯ ಇಬ್ಬರೇ ಮುಖ್ಯ. ಹುದ್ದೆ ಇದೆಯಾ ಅಂತ ಕೇಳಿದರೆ ಇದೆ ಅಂತಾರೆ. ಆದರೆ ಹುದ್ದೆ ಇರುವುದು ಬೇರೆ, ಆಳು ಇರುವುದು ಬೇರೆ. ಕಾಗದದಲ್ಲಿ ಇಲ್ಲಿದ್ದು ನಿಯೋಜನೆ ಮೇಲೆ ಇನ್ನೆಲ್ಲೋ ಕೆಲಸ ಮಾಡುವವರು ಇರುತ್ತಾರೆ. ವರ್ಗಾವಣೆ ಆಗಿ ಹೋದವರ ಜಾಗ ಖಾಲಿಯೇ ಉಳಿದಿರುತ್ತದೆ. ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರಲ್ಲಿ ತುಂಬಾ ಚೆನ್ನಾಗಿ ಪಾಠ ಮಾಡುವವರೂ ಇದ್ದಾರೆ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಅವರ ನೇಮಕ ವರ್ಷ ವರ್ಷವೂ ಹೊಸದಾಗಿ, ಶಾಲೆ ಶುರುವಾದ ಮೇಲೆ ಆಗುತ್ತದೆ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ ಇದು: 'ಹೋದ ವರ್ಷ ಗಣಿತದ ಪಾಠ ಯಾವ ತಿಂಗಳಲ್ಲಿ ಶುರುವಾಯಿತು?' ಹೆಡ್‌ಮಾಸ್ಟರ್ ಹತ್ತಿರ ಕೇಳಿ, ಆಮೇಲೆ ಗೇಟಿನ ಹೊರಗೆ ಒಂಬತ್ತನೇ ಕ್ಲಾಸಿನ ಒಂದು ಮಗುವನ್ನೂ ಕೇಳಿ. ಎರಡು ಉತ್ತರ ಒಂದೇ ಇದ್ದರೆ ಆ ಶಾಲೆಯನ್ನು ನಂಬಬಹುದು.

ರಿಸಲ್ಟಿನ ವಿಷಯ. 2023ರಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು, ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಆದ್ದರಿಂದ ಅದಕ್ಕಿಂತ ಹಿಂದಿನ ನೂರಕ್ಕೆ ನೂರರ ಬೋರ್ಡು ನೋಡಿ ಮರುಳಾಗಬೇಡಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ, ಪರೀಕ್ಷೆ-1ರ ಫಲಿತಾಂಶ ಯಾವುದು ಅಂತ ಬಿಡಿಸಿ ಕೇಳಿ. ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು, ಹತ್ತರ ಪರೀಕ್ಷೆಗೆ ಎಷ್ಟು ಮಕ್ಕಳು ಕೂತರು ಅನ್ನುವುದನ್ನೂ ಕೇಳಿ. ನಡುವೆ ಮಕ್ಕಳು ಕಾಣೆಯಾಗಿದ್ದರೆ ಯಾಕೆ ಅಂತ ಯೋಚಿಸಬೇಕಾಗುತ್ತದೆ ಅಲ್ವಾ. ಇನ್ನೊಂದು, ಒಟ್ಟು 625 ಅಂಕದಲ್ಲಿ ಮೊದಲ ಭಾಷೆಗೇ 125 ಇದೆ. ಭಾಷೆಗಳಲ್ಲಿ ಬಾಚಿಕೊಂಡು ಒಟ್ಟು ಅಂಕ ಚೆನ್ನಾಗಿ ಕಂಡರೂ ಗಣಿತದಲ್ಲಿ 40 ದಾಟದ ಮಕ್ಕಳಿರುತ್ತಾರೆ. ಗಣಿತ, ವಿಜ್ಞಾನದ ಅಂಕವನ್ನೇ ಬೇರೆ ಮಾಡಿ ನೋಡಿ.

ಒಂದು ಶಾಲೆ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ನನಗೆ ಅತಿ ಇಷ್ಟವಾದ ಪ್ರಶ್ನೆ ಎನ್‌ಎಂಎಂಎಸ್ ಪರೀಕ್ಷೆಯದ್ದು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳು ಬರೆಯುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಅದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು, ಏಳನೇ ತರಗತಿಯಲ್ಲಿ ಶೇ 55 ಇರಬೇಕು, ಎಸ್‌ಸಿ ಎಸ್‌ಟಿ ಮಕ್ಕಳಿಗೆ ಐದು ಕಡಿಮೆ. ಇದಕ್ಕೆ ಮಕ್ಕಳನ್ನು ತಯಾರು ಮಾಡು ಅಂತ ಯಾವ ಮೇಷ್ಟ್ರನ್ನೂ ಯಾರೂ ಬಲವಂತ ಮಾಡುವುದಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂತು ಮಾಡಿಸಬೇಕು. ಹೋದ ವರ್ಷ ಎಷ್ಟು ಮಕ್ಕಳು ಬರೆದರು, ಎಷ್ಟು ಜನ ಆಯ್ಕೆಯಾದರು ಅಂತ ಕೇಳಿ. 'ಅದು ಯಾವ ಪರೀಕ್ಷೆ?' ಅಂತ ತಿರುಗಿ ಕೇಳಿದರೆ ಸುಮ್ನೆ ನಮಸ್ಕಾರ ಹೇಳಿ ಬನ್ನಿ.

ಇನ್ನು ಇಂಗ್ಲಿಷ್ ಮೀಡಿಯಂ. ನಿಮ್ಮ ಯಜಮಾನರ ಆತಂಕ ಸುಳ್ಳಲ್ಲ, ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲೇ ಇದೆ, ಅಲ್ಲಿ ಕನ್ನಡ ಮೀಡಿಯಂ ಮಕ್ಕಳು ಮೊದಲ ಆರು ತಿಂಗಳು ಒದ್ದಾಡುತ್ತಾರೆ. ಆದರೆ ಎಂಟರಲ್ಲಿ ಬದಲಾಯಿಸಿದರೂ ಆ ಒದ್ದಾಟ ತಪ್ಪುವುದಿಲ್ಲ, ಮೂರು ವರ್ಷ ಮುಂಚೆ ಬರುತ್ತದೆ ಅಷ್ಟೇ. ಎಷ್ಟೋ ಕಡೆ ಇಂಗ್ಲಿಷ್ ಮೀಡಿಯಂ ಅಂದರೆ ಅದೇ ಮೇಷ್ಟ್ರು, ಅದೇ ಕನ್ನಡದ ಪಾಠ, ನೋಟ್ಸ್ ಮಾತ್ರ ಇಂಗ್ಲಿಷಿನಲ್ಲಿ. ಅಲ್ಲಿ ಓದುವ ಒಂದು ಮಗುವಿನ ವಿಜ್ಞಾನದ ನೋಟ್‌ಬುಕ್ ತೆಗೆದು, ಒಂದು ಉತ್ತರವನ್ನು ಅದರ ಸ್ವಂತ ಮಾತಿನಲ್ಲಿ ಹೇಳು ಅನ್ನಿ. ಹೇಳಿದರೆ ಸರಿ. ಬಾಯಿಪಾಠ ಒಪ್ಪಿಸಿದರೆ ನಿಮಗೇ ಗೊತ್ತಾಗುತ್ತದೆ. ಕನ್ನಡದಲ್ಲೇ ಮುಂದುವರಿಸುವುದಾದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಇಂಗ್ಲಿಷ್ ಆವೃತ್ತಿಯ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಪಾಠ ಮುಗಿದ ಮೇಲೆ ಅದೇ ಪಾಠವನ್ನು ಅದರಲ್ಲಿ ಒಮ್ಮೆ ಓದಲಿ. ಒಂಬತ್ತನೆಯದರಿಂದ ಇಷ್ಟು ಮಾಡಿದರೂ ಪಿಯುಸಿಯಲ್ಲಿ ಗಾಬರಿ ಕಡಿಮೆ.

ಹೆಣ್ಣುಮಗು, ಹಾಗಾಗಿ ಬಸ್ಸಿನ ವೇಳೆ ನೋಡಿಕೊಳ್ಳಿ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಖರ್ಚಿಲ್ಲ, ಆದರೆ ಹತ್ತನೇ ಕ್ಲಾಸಿನಲ್ಲಿ ಸಂಜೆ ವಿಶೇಷ ತರಗತಿ ಇರುತ್ತದೆ, ಆಮೇಲೆ ಊರಿಗೆ ಬಸ್ಸು ಇದೆಯಾ? ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರುತ್ತದೆ, ನೀರು ಬರುತ್ತದಾ, ಇದನ್ನು ನೀವೇ ಹೋಗಿ ಕಣ್ಣಾರೆ ನೋಡಿ. ಗಂಡಸರನ್ನು ಕಳಿಸಿದರೆ ಅದನ್ನು ನೋಡದೇ ಬರುತ್ತಾರೆ.

ನನ್ನ ಮಾತು ಕೇಳಿದರೆ, ಹಳ್ಳಿ ಪ್ರೌಢಶಾಲೆಯಲ್ಲಿ ಪಿಸಿಎಂ, ಸಿಬಿಝಡ್, ಇಂಗ್ಲಿಷ್ ಮೂವರೂ ಕಾಯಂ ಇದ್ದರೆ ಅಲ್ಲಿಗೇ ಸೇರಿಸಿ. ಮೂವರಲ್ಲಿ ಇಬ್ಬರು ಇಲ್ಲದಿದ್ದರೆ ಕೋಟಾ ಬಿಟ್ಟು ಪೇಟೆಗೆ ಹೋಗಿ. ಅಲ್ಲಿ ಪಿಯು ಕೂಡ ಅದೇ ಆವರಣದಲ್ಲಿ ಇರುವುದು ಒಂದು ಅನುಕೂಲ. ಆದರೆ ಅಲ್ಲಿ ಕನ್ನಡ ಮೀಡಿಯಂ ವಿಭಾಗ ಇದೆಯಾ ಅಂತ ಕೇಳಿ, ಇದ್ದರೆ ಒಂದು ಕೋಟಾ ಆದರೂ ಉಳಿಯುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ. ಮಗ ಖಾಸಗಿ ಶಾಲೆಯಲ್ಲಿ ಏಳನೇ ತರಗತಿ. ಫೀಸು ಕಟ್ಟಲಾಗುತ್ತಿಲ್ಲ, ಎಂಟಕ್ಕೆ ಸರ್ಕಾರಿ ಪ್ರೌಢಶಾಲೆಗೆ ಸೇರಿಸಬೇಕೆಂದಿದ್ದೇವೆ. ಬಾಕಿ ಕಟ್ಟದೆ ಟಿಸಿ ಕೊಡುವುದಿಲ್ಲ ಅಂತಿದ್ದಾರೆ.

ಉತ್ತರ: ಟಿಸಿ ಬಗ್ಗೆ ಹೆದರಬೇಡಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿವರೆಗಿನ ಮಗು ಸರ್ಕಾರಿ ಶಾಲೆಗೆ ಹೋಗುತ್ತೇನೆ ಅಂದರೆ ಮುಖ್ಯಸ್ಥರು ತಕ್ಷಣ ಟಿಸಿ ಕೊಡಬೇಕು, ಟಿಸಿ ತಡವಾಯಿತು ಅಂತ ಹೊಸ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಬಾಯಿಮಾತಿನಲ್ಲಿ ಜಗಳ ಬೇಡ. ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಒಂದು ಪ್ರತಿ ಬಿಇಒ ಆಫೀಸಿಗೆ ಕೊಡಿ. ಇದನ್ನು ಎಂಟರಲ್ಲೇ ಮಾಡಿ, ಒಂಬತ್ತಕ್ಕೆ ಮುಂದೂಡಿದರೆ ಈ ಕಾಯ್ದೆಯ ಆಸರೆ ಸಿಗುವುದಿಲ್ಲ.

ಮಗನಿಗೆ ನಿಜವಾದ ಕಷ್ಟ ಬರುವುದು ಕನ್ನಡದಲ್ಲಿ. ಇಷ್ಟು ದಿನ ಎರಡನೇ ಭಾಷೆಯಾಗಿ ಓದಿದ್ದರೆ, ಇಲ್ಲಿ ಅದೇ 125 ಅಂಕದ ಮೊದಲ ಭಾಷೆ. ಹಳಗನ್ನಡ ಪದ್ಯ, ವ್ಯಾಕರಣ, ಛಂದಸ್ಸು ಎಲ್ಲ ಬರುತ್ತದೆ. ಬೇಸಿಗೆ ರಜೆಯಲ್ಲೇ ಎಂಟನೇ ತರಗತಿಯ ಕನ್ನಡ ಪುಸ್ತಕ ಕೈಗೆ ಕೊಡಿ. ಉಳಿದ ವಿಷಯಕ್ಕೆ ಇಂಗ್ಲಿಷ್ ಮೀಡಿಯಂ ವಿಭಾಗವಿರುವ ಸರ್ಕಾರಿ ಪ್ರೌಢಶಾಲೆಯನ್ನೇ ಹುಡುಕಿ, ನಗರದಲ್ಲಿ ಇವೆ. ಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಹತ್ತರವರೆಗೂ ಇದೆ. ನೆಂಟರು ಏನಂತಾರೋ ಅನ್ನುವ ಯೋಚನೆ ಬಿಡಿ, ಫೀಸು ಅವರು ಕಟ್ಟುವುದಿಲ್ಲ.

ಪ್ರಶ್ನೆ: ಎಂಟನೇ ತರಗತಿಗೆ ಮೊರಾರ್ಜಿ, ಆದರ್ಶ, ನವೋದಯ ಇವುಗಳಲ್ಲಿ ಸೀಟು ಸಿಗುತ್ತದಾ?

ಉತ್ತರ: ಮೂರಕ್ಕೂ ಪ್ರವೇಶ ಪರೀಕ್ಷೆ ಐದನೇ ತರಗತಿಯಲ್ಲಿದ್ದಾಗಲೇ ಬರೆಯಬೇಕು, ಸೇರುವುದು ಆರಕ್ಕೆ. ನವೋದಯದಲ್ಲಿ ಖಾಲಿ ಉಳಿದ ಸೀಟುಗಳಿಗೆ ಒಂಬತ್ತನೇ ತರಗತಿಗೆ ಇನ್ನೊಂದು ಪರೀಕ್ಷೆ ನಡೆಯುತ್ತದೆ. ಆ ಜಿಲ್ಲೆಯಲ್ಲೇ ಎಂಟನೇ ತರಗತಿ ಓದುತ್ತಿರಬೇಕು. ಸೀಟು ಬಹಳ ಕಡಿಮೆ, ಬರೆಯಲಿ, ಆದರೆ ಅದನ್ನೇ ನಂಬಿಕೊಂಡು ಎಂಟನೇ ತರಗತಿಯ ಶಾಲೆಯನ್ನು ಹೇಗೋ ಒಂದು ಅಂತ ಆರಿಸಬೇಡಿ.